‘ಡಬಲ್ ಜಂಪ್ ಹಾಕಿ’ ಅಂದವರು ನಿಜಕ್ಕೂ ಏನು ಹೇಳಿದರು?

ಗೇಮ್ ಜ್ಯಾಮ್‌ನ ಗಡುವು ಮುಗಿದು, ಆಟ ಅಪ್‌ಲೋಡ್ ಆಗಿ, ಬಾಕಿ ನಿದ್ದೆ ತೀರಿಸಿ ಎದ್ದ ಮೇಲೆ ಹೊಸಬರು ಮಾಡುವ ಮೊದಲ ಕೆಲಸ ಒಂದೇ. ಯಾರಾದರೂ ಆಡಿದ್ದಾರಾ, ಏನು ಬರೆದಿದ್ದಾರೆ ಅಂತ ನೋಡುವುದು. ಹೊಗಳಿಕೆ ಎಷ್ಟೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ‘ಕಂಟ್ರೋಲ್ ಸರಿ ಇಲ್ಲ, ಅರ್ಧಕ್ಕೆ ಬಿಟ್ಟೆ’ ಅನ್ನುವ ಒಂದು ಸಾಲು ಮಾತ್ರ ಮನಸ್ಸಲ್ಲಿ ಕೂತುಬಿಡುತ್ತದೆ. ನಾನು ಗೇಮ್ ಡಿಸೈನರ್. ಇಂಥ ತಂಡಗಳ ಜೊತೆ ಕೂತು ಬಂದ ಅಭಿಪ್ರಾಯಗಳನ್ನು ಓದುವುದು ನನಗೆ ತುಂಬಾ ಇಷ್ಟದ ಕೆಲಸ. ಇಂಥ ಒಂದು ಸಾಲಿಗೆ ಬೇಜಾರಾಗಿ ಎರಡನೇ ಆಟವನ್ನೇ ಮಾಡದೆ ಹೋದ ಜಾಣ ಮಕ್ಕಳನ್ನು ನೋಡಿದ್ದೇನೆ. ಅದಕ್ಕೇ ಈ ಬರಹ.

ಜ್ಯಾಮ್ ಪರಿಚಯ ಇಲ್ಲದವರಿಗೆ ಎರಡು ಮಾತು. ಒಂದು ವಿಷಯ ಕೊಡುತ್ತಾರೆ, ಒಂದು ಗಡುವು ಕೊಡುತ್ತಾರೆ, ಅಷ್ಟರೊಳಗೆ ಪುಟ್ಟದೊಂದು ವಿಡಿಯೋ ಗೇಮ್ ಮಾಡಿ ಮುಗಿಸಬೇಕು. 2002ರಲ್ಲಿ ಶುರುವಾದ ಲೂಡಮ್ ಡೇರ್‌ನಲ್ಲಿ ಒಬ್ಬರೇ ಮಾಡುವುದಾದರೆ 48 ಗಂಟೆ, ತಂಡವಾದರೆ 72 ಗಂಟೆ. ಗ್ಲೋಬಲ್ ಗೇಮ್ ಜ್ಯಾಮ್ 2009ರಿಂದ ನಡೆಯುತ್ತಿದೆ. ಅದಕ್ಕೆ ಊರೂರಲ್ಲಿ ಜನ ಒಂದೆಡೆ ಸೇರುತ್ತಾರೆ, ಬೆಂಗಳೂರಿನಲ್ಲೂ ಸೇರಿದ್ದಾರೆ. ಯೂಟ್ಯೂಬ್‌ನಲ್ಲಿ ‘ಗೇಮ್ ಮೇಕರ್ಸ್ ಟೂಲ್‌ಕಿಟ್’ (ಜಿಎಂಟಿಕೆ) ಚಾನೆಲ್ ನಡೆಸುವ ಮಾರ್ಕ್ ಬ್ರೌನ್ 2017ರಲ್ಲಿ ಶುರು ಮಾಡಿದ ಜಿಎಂಟಿಕೆ ಜ್ಯಾಮ್ ನಡೆಯುವುದು ಇಚ್.ಐಓ ಅನ್ನುವ, ಆಟ ಹಂಚಿಕೊಳ್ಳುವ ತಾಣದಲ್ಲಿ. ಗಡುವು ಮುಗಿದ ಮೇಲೆ, ಭಾಗವಹಿಸಿದವರು ಒಬ್ಬರ ಆಟ ಇನ್ನೊಬ್ಬರು ಆಡಿ ಅಂಕ ಕೊಟ್ಟು ಅಭಿಪ್ರಾಯ ಬರೆಯುವುದು ಲೂಡಮ್ ಡೇರ್, ಜಿಎಂಟಿಕೆಯಂಥ ಜ್ಯಾಮ್‌ಗಳ ರೂಢಿ.

ಒಂದು ಆಟ ಊಹಿಸಿಕೊಳ್ಳೋಣ. 2025ರ ಜಿಎಂಟಿಕೆ ಜ್ಯಾಮ್‌ನ ವಿಷಯ ‘ಲೂಪ್’, ಅಂದರೆ ಸುತ್ತಿ ಮತ್ತೆ ಅಲ್ಲಿಗೇ ಬರುವುದು, ಆಗಿತ್ತು. ಅದಕ್ಕೆ ಹೊಂದುವಂಥದ್ದೇ ಇರಲಿ. ಒಬ್ಬ ಪೋಸ್ಟ್‌ಮ್ಯಾನ್. ಹತ್ತು ಸೆಕೆಂಡಿನಲ್ಲಿ ಕಾಗದ ತಲುಪಿಸಬೇಕು. ಆಗದಿದ್ದರೆ ಮತ್ತೆ ಶುರುವಿನಿಂದ. ಆದರೆ ಹಿಂದಿನ ಸಲ ಅವನು ಓಡಿದ್ದು ನೆರಳಾಗಿ ಉಳಿಯುತ್ತದೆ, ಆ ನೆರಳಿನ ತಲೆ ಮೇಲೆ ಕಾಲಿಟ್ಟು ಮೇಲೆ ಹತ್ತಬಹುದು. ಒಳ್ಳೆ ಐಡಿಯಾನೇ, ಅಲ್ವಾ? ಇದಕ್ಕೆ ಮೂರು ಅಭಿಪ್ರಾಯ ಬರುತ್ತವೆ. ‘ಆರ್ಟ್ ಸೂಪರ್! ಡಬಲ್ ಜಂಪ್ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು.’ (ಡಬಲ್ ಜಂಪ್ ಅಂದರೆ ಗಾಳಿಯಲ್ಲಿರುವಾಗಲೇ ಇನ್ನೊಮ್ಮೆ ಹಾರುವುದು.) ‘ಜಂಪ್ ಬಟನ್ ಕೆಲವು ಸಲ ಕೆಲಸ ಮಾಡಲ್ಲ, ಬಗ್ ಇರ್ಬೇಕು.’ ‘ಮೂರನೇ ಲೆವೆಲ್ ಸಿಕ್ಕಾಪಟ್ಟೆ ಕಷ್ಟ.’

ತಂಡ ಇದನ್ನು ಮೂರು ಬೇರೆ ಬೇರೆ ದೂರು ಅಂತ ಬರೆದುಕೊಳ್ಳುತ್ತದೆ. ಒಬ್ಬರು ಡಬಲ್ ಜಂಪ್ ಕೋಡ್ ಬರೆಯಲು ಕೂರುತ್ತಾರೆ. ಇನ್ನೊಬ್ಬರು ಬಟನ್ ಪರೀಕ್ಷೆ ಮಾಡಿ ‘ನನ್ನ ಕಂಪ್ಯೂಟರ್‌ನಲ್ಲಿ ಸರಿಯಾಗಿದೆಯಲ್ಲ’ ಅನ್ನುತ್ತಾರೆ. ಮತ್ತೊಬ್ಬರು ಮೂರನೇ ಲೆವೆಲ್‌ನ ಗುಂಡಿಯನ್ನು ಚಿಕ್ಕದು ಮಾಡುತ್ತಾರೆ. ನನ್ನ ಅನುಭವದಲ್ಲಿ ಇಂಥ ಮೂರು ಮಾತಿನ ಹಿಂದೆ ಬಹಳ ಸಲ ಇರುವುದು ಒಂದೇ ಕಾರಣ. ಆಟಗಾರ ಅಂಚಿನವರೆಗೆ ಓಡಿ ಬರುತ್ತಾನೆ. ಕಾಲು ಅಂಚು ದಾಟಿದ ಮೇಲೆ, ಕಣ್ಣಿಗೆ ಕಾಣದಷ್ಟು ತಡವಾಗಿ ಜಂಪ್ ಒತ್ತುತ್ತಾನೆ. ಕಂಪ್ಯೂಟರ್ ಲೆಕ್ಕದಲ್ಲಿ ಅವನು ಆಗಲೇ ಗಾಳಿಯಲ್ಲಿದ್ದಾನೆ, ಜಂಪ್ ಇಲ್ಲ. ಅವನ ಲೆಕ್ಕದಲ್ಲಿ ಸಮಯಕ್ಕೆ ಸರಿಯಾಗಿ ಒತ್ತಿದ್ದಾನೆ. ಹಾಗಾಗಿ ಒಬ್ಬ ಬಗ್ ಅನ್ನುತ್ತಾನೆ, ಒಬ್ಬ ಕಷ್ಟ ಅನ್ನುತ್ತಾನೆ, ಗೇಮ್ ಮಾಡಿ ಗೊತ್ತಿರುವವನು ಡಬಲ್ ಜಂಪ್ ಕೇಳುತ್ತಾನೆ.

ಇದಕ್ಕೆ ಹಳೇ ಪರಿಹಾರ ಇದೆ. ಡಿಸೈನರ್‌ಗಳು ಕಾಯೋಟಿ ಟೈಮ್ ಅನ್ನುತ್ತಾರೆ. ಅಂಚು ದಾಟಿದ ಮೇಲೂ ಒಂದು ಚೂರು ಹೊತ್ತು ಜಂಪ್ ಒಪ್ಪಿಕೊಳ್ಳುವುದು. ಸೆಲೆಸ್ಟ್ ಆಟದ ಪಾತ್ರದ ಕೋಡ್ ಅನ್ನು ಮಾಡಿದವರೇ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅದರಲ್ಲಿ ಈ ರಿಯಾಯಿತಿ 0.1 ಸೆಕೆಂಡ್, ಅಂದರೆ ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ) ಓಡುವ ಆಟದಲ್ಲಿ 6 ಫ್ರೇಮ್. ಇದರ ಜೊತೆಗೆ ಜಂಪ್ ಬಫರ್ ಅಂತ ಇನ್ನೊಂದಿದೆ. ನೆಲ ಮುಟ್ಟುವ ಮೊದಲೇ ಬಟನ್ ಒತ್ತಿದರೆ ಅದನ್ನು ನೆನಪಿಟ್ಟು, ಕಾಲು ತಾಗಿದ ಕೂಡಲೇ ಹಾರಿಸುವುದು. ಎರಡೂ ಸೇರಿ ಕೆಲವೇ ಸಾಲಿನ ಕೋಡ್. ಅಂದಹಾಗೆ ಸೆಲೆಸ್ಟ್ ಕೂಡ 2015ರಲ್ಲಿ ನಾಲ್ಕು ದಿನದಲ್ಲಿ, ಪುಟ್ಟ ಆಟ ಮಾಡುವ ಪಿಕೊ-8 ಅನ್ನುವ ಸಾಫ್ಟ್‌ವೇರ್‌ನಲ್ಲಿ ಮಾಡಿದ ಪುಟ್ಟ ಜ್ಯಾಮ್ ಆಟವಾಗಿತ್ತು. ಅದು ಪೂರ್ಣ ಆಟವಾಗಿ ಬಂದಿದ್ದು 2018ರಲ್ಲಿ.

ಅಂಗಿ ಹೊಲಿಸಿದವರು ಟೈಲರ್ ಹತ್ತಿರ ಬಂದು ‘ಕಂಕುಳ ಹತ್ತಿರ ಬಿಗಿ, ಅಲ್ಲಿ ಸ್ವಲ್ಪ ಬಿಡಿಸಿ’ ಅನ್ನುತ್ತಾರೆ. ಬಿಗಿ ಇರುವುದು ನಿಜ. ಒಳ್ಳೆ ಟೈಲರ್ ಕೈ ಎತ್ತಿಸಿ ನೋಡಿ ಭುಜದ ಹೊಲಿಗೆ ಬಿಚ್ಚುತ್ತಾನೆ. ಆಟಗಾರರ ಮಾತನ್ನೂ ಹೀಗೇ ತೆಗೆದುಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ತನಗೆ ಏನಾಯಿತು ಅಂತ ಆಟಗಾರ ಹೇಳಿದರೆ ಅದನ್ನು ಪೂರ್ತಿ ನಂಬಿ, ವಾದ ಬೇಡ. ಅವನು ಕೊಟ್ಟ ಪರಿಹಾರವನ್ನು ಮಾತ್ರ ಸುಳಿವು ಅಂತ ಇಟ್ಟುಕೊಳ್ಳಿ. ಯಾಕೆ ಹಾಗಾಯಿತು ಅಂತ ಹುಡುಕುವುದು ಆಟ ಮಾಡಿದವರ ಕೆಲಸ.

ಜ್ಯಾಮ್‌ನಲ್ಲಿ ಇದು ಇನ್ನೂ ಜಾಸ್ತಿ ಮುಖ್ಯ, ಯಾಕೆಂದರೆ ಅಲ್ಲಿ ಆಡುವವರು ಬಹುಪಾಲು ಆಟ ಮಾಡುವವರೇ. ಅವರ ಬಾಯಲ್ಲಿ ‘ಬೇಜಾರಾಯ್ತು’ ಅಂತ ಬರುವುದಿಲ್ಲ. ನೇರ ‘ಚೆಕ್‌ಪಾಯಿಂಟ್ ಹಾಕಿ’, ‘ಕ್ಯಾಮೆರಾ ಸ್ಮೂತ್ ಮಾಡಿ’ ಅಂತಲೇ ಬರುತ್ತದೆ. ಅವರೂ ದಣಿದಿರುತ್ತಾರೆ. ಮುಂದೆ ಇನ್ನೂ ಎಷ್ಟೋ ಆಟಗಳು ಕಾದಿರುತ್ತವೆ. ಕೆಲವೇ ನಿಮಿಷ ಆಡಿ ಬರೆದು ಮುಂದೆ ಹೋಗುತ್ತಾರೆ. ಶುರುವಿನ ಹೊಗಳಿಕೆ ಬಹಳ ಸಲ ಮರ್ಯಾದೆಗೆ ಬಂದಿದ್ದು. ಅದು ತಪ್ಪಲ್ಲ, ಅಪರಿಚಿತರಿಗೆ ಒಳ್ಳೆ ಮಾತು ಹೇಳುವುದು ಚೆಂದವೇ. ಆದರೆ ತಿದ್ದುವ ಕೆಲಸಕ್ಕೆ ಕೂತಾಗ ನಾನು ಹುಡುಕುವುದು ನಡೆದ ಘಟನೆ ಇರುವ ವಾಕ್ಯ. ‘ಆರ್ಟ್ ಚೆನ್ನಾಗಿದೆ’ ಅನ್ನುವುದಕ್ಕಿಂತ ‘ಎರಡನೇ ಲೆವೆಲ್‌ನಲ್ಲಿ ನೆರಳಿನ ಮೇಲೆ ನಿಲ್ಲಬಹುದು ಅಂತ ಗೊತ್ತೇ ಆಗ್ಲಿಲ್ಲ’ ಅನ್ನುವುದು ಸಾವಿರ ಪಾಲು ಮೇಲು. ಎಲ್ಲಿ, ಏನು ಮಾಡಲು ಹೋದರು, ಏನಾಯಿತು ಎಲ್ಲ ಅದರಲ್ಲಿದೆ. ನೀವು ಬೇರೆಯವರ ಆಟಕ್ಕೆ ಬರೆಯುವಾಗಲೂ ಹೀಗೇ ಬರೆದರೆ ದೊಡ್ಡ ಉಪಕಾರ ಮಾಡಿದ ಹಾಗೆ. ಎಲ್ಲಿ ನಿಲ್ಲಿಸಿದಿರಿ ಅನ್ನುವುದನ್ನಂತೂ ದಯವಿಟ್ಟು ಬರೆಯಿರಿ.

ಎಲ್ಲ ದೂರನ್ನೂ ತಿದ್ದಬೇಕು ಅಂತಲೂ ಇಲ್ಲ. ಸರ್ಜನ್ ಸಿಮ್ಯುಲೇಟರ್ ಇದಕ್ಕೆ ಒಳ್ಳೆ ಉದಾಹರಣೆ. 2013ರ ಗ್ಲೋಬಲ್ ಗೇಮ್ ಜ್ಯಾಮ್‌ನ ವಿಷಯ ಎದೆಬಡಿತದ ಸದ್ದು. ಬಾಸಾ ಸ್ಟುಡಿಯೋಸ್‌ನ ಪುಟ್ಟ ತಂಡ 48 ಗಂಟೆಯಲ್ಲಿ ಹೃದಯದ ಆಪರೇಷನ್ ಮಾಡುವ ಆಟ ಮಾಡಿತು. ಮೌಸ್‌ನಿಂದ ಕೈ ಆಡಿಸಬೇಕು, ಕೀಬೋರ್ಡ್‌ನ ಒಂದೊಂದು ಕೀಗೆ ಒಂದೊಂದು ಬೆರಳು. ಸುತ್ತಿಗೆ ಹಿಡಿಯಲು ಹೋದರೆ ಟ್ರೇಯೇ ಉರುಳಿ ಬೀಳುತ್ತದೆ. ‘ಕೈ ಹೇಳಿದ ಮಾತು ಕೇಳಲ್ಲ’ ಅಂತ ಯಾರಾದರೂ ಬರೆದರೆ ಅದು ನೂರಕ್ಕೆ ನೂರು ನಿಜ. ಆದರೆ ಅದನ್ನು ಸರಿಮಾಡಿದ್ದರೆ ಆಟವೇ ಸಾಯುತ್ತಿತ್ತು. ಜನ ಆಡಿದ್ದೇ ಆ ಒದ್ದಾಟಕ್ಕೆ, ಅದೇ ಒದ್ದಾಟ ಇಟ್ಟುಕೊಂಡು ಅದು ಆ ವರ್ಷವೇ ಮಾರಾಟಕ್ಕೆ ಬಂತು.

ಹಾಗಾದರೆ ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು? ಸಲಹೆ ಓದುವ ಮೊದಲು ತಂಡ ಒಂದು ವಾಕ್ಯ ಬರೆದಿಟ್ಟುಕೊಳ್ಳಲಿ ಅನ್ನುತ್ತೇನೆ: ಈ ಆಟ ಆಡುವಾಗ ಜನರಿಗೆ ಏನು ಅನ್ನಿಸಬೇಕು? ನಮ್ಮ ಪೋಸ್ಟ್‌ಮ್ಯಾನ್ ಆಟದಲ್ಲಿ ‘ನನ್ನ ಹಳೇ ಓಟವೇ ನನಗೆ ಏಣಿ ಆಯ್ತಲ್ಲ’ ಅನ್ನುವ ಖುಷಿ ಸಿಗಬೇಕು. ಅಂಚಿನಲ್ಲಿ ಬಿದ್ದು ಸಾಯುವುದು ಆ ಖುಷಿಗೆ ಅಡ್ಡ, ಹಾಗಾಗಿ ತಿದ್ದಬೇಕು. ‘ಹತ್ತು ಸೆಕೆಂಡ್ ಸಾಲಲ್ಲ’ ಅನ್ನುವ ದೂರು ಹಾಗಲ್ಲ. ಸಮಯ ಸಾಲದೇ ಇರುವುದರಿಂದಲೇ ನೆರಳು ಬೇಕಾಗುತ್ತದೆ. ಅದನ್ನು ಇಪ್ಪತ್ತು ಮಾಡಿದರೆ ನೆರಳಿಗೆ ಕೆಲಸವೇ ಇರುವುದಿಲ್ಲ. ಡಬಲ್ ಜಂಪ್ ಕೊಟ್ಟರೂ ಅಷ್ಟೇ, ಏಣಿ ಇಲ್ಲದೆ ಹತ್ತಿಬಿಡುತ್ತಾರೆ.

ಬರೆಯದೆ ಹೋದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪುಟ ತೆರೆದವರು ಬೇಕಾದಷ್ಟು ಜನ ಇದ್ದು, ಅಭಿಪ್ರಾಯ ನಾಲ್ಕೇ ಇದ್ದರೆ ಆಟಕ್ಕಿಂತ ಮೊದಲು ಬಾಗಿಲು ನೋಡಬೇಕು. ಡೌನ್‌ಲೋಡ್ ಮಾಡುವ ಆಟಕ್ಕಿಂತ ಬ್ರೌಸರ್‌ನಲ್ಲೇ ಓಡುವ ಆಟವನ್ನು ಜನ ಸುಲಭವಾಗಿ ಮುಟ್ಟುತ್ತಾರೆ. ಆದರೆ ಬ್ರೌಸರ್‌ಗೂ ತನ್ನದೇ ಹಟಗಳಿವೆ. ಕ್ಲಿಕ್ ಬೀಳುವವರೆಗೆ ಸದ್ದು ಬಿಡುವುದಿಲ್ಲ, ಎಷ್ಟೋ ಸಲ ಕೀಬೋರ್ಡ್ ಕೂಡ ಆಟಕ್ಕೆ ಸಿಗುವುದಿಲ್ಲ. ‘ಸೌಂಡ್ ಬರಲ್ಲ’, ‘ಕೀ ಒತ್ತಿದ್ರೂ ಏನೂ ಆಗಲ್ಲ’ ಅನ್ನುವ ಎರಡು ದೂರನ್ನೂ ಶುರುವಿನಲ್ಲಿ ಒಂದು ‘ಶುರು ಮಾಡಿ’ ಬಟನ್ ಇಟ್ಟು ತೀರಿಸಬಹುದು. ಇನ್ನೊಂದು, ಪಾತ್ರವನ್ನು ಓಡಾಡಿಸಲು ಬಳಸುವ ಡಬ್ಲ್ಯೂ-ಎ-ಎಸ್-ಡಿ ಕೀಗಳು. ಫ್ರಾನ್ಸ್‌ನ ಕೀಬೋರ್ಡ್‌ನಲ್ಲಿ ಆ ಜಾಗದಲ್ಲಿ ಇರುವುದು ಜೆಡ್-ಕ್ಯೂ-ಎಸ್-ಡಿ. ಅಲ್ಲಿನವರು ಕೈ ತಿರುಚಿಕೊಂಡು ಆಡಬೇಕಾಗುತ್ತದೆ. ಬಾಣದ ಕೀಗಳನ್ನೂ ಸೇರಿಸಿ, ಅಥವಾ ಅಕ್ಷರದ ಬದಲು ಕೀ ಇರುವ ಜಾಗ ನೋಡುವ ಸೆಟ್ಟಿಂಗ್ ಬಳಸಿ. ಕೆಂಪು ಶತ್ರು, ಹಸಿರು ಮಿತ್ರ ಅಂತ ಬಣ್ಣವೊಂದನ್ನೇ ನಂಬಬೇಡಿ. ಆ ಎರಡರ ವ್ಯತ್ಯಾಸ ಕಾಣದ ಗಂಡಸರು ಕಡಿಮೆ ಏನಿಲ್ಲ. ಆಕಾರವೂ ಬೇರೆ ಇರಲಿ.

ಕನ್ನಡದಲ್ಲಿ ಆಟ ಮಾಡುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘ಅಕ್ಷರ ಒಡೆದು ಕಾಣ್ತಿದೆ’ ಅಂತ ಬಂದರೆ ಅದು ಸಾಮಾನ್ಯವಾಗಿ ಕಾಗುಣಿತ, ಒತ್ತಕ್ಷರ ಜೋಡಿಸುವ ತೊಂದರೆ. ಆಟ ಮಾಡುವ ಎಂಜಿನ್ ಯೂನಿಟಿಯಲ್ಲಿ ಪರದೆ ಮೇಲೆ ಅಕ್ಷರ ಹಾಕಲು ಹೆಚ್ಚಿನವರು ಬಳಸುವ ಟೆಕ್ಸ್ಟ್‌ಮೆಶ್ ಪ್ರೋ ಭಾರತದ ಲಿಪಿಗಳನ್ನು ತಾನಾಗಿ ಜೋಡಿಸುವುದಿಲ್ಲ, ಒತ್ತು ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತದೆ. ಗೋಡೋ ಅನ್ನುವ ಇನ್ನೊಂದು ಎಂಜಿನ್‌ನಲ್ಲಿ, 2023ರಲ್ಲಿ ಬಂದ ಗೋಡೋ 4ರಿಂದ ಇದು ಸರಿಯಾಗಿದೆ. ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟ್ ಒಂದನ್ನು ಆಟದ ಜೊತೆಗೇ ಸೇರಿಸಿದರೆ ಸಾಕು. ಗಡುವಿಗೆ ಎರಡು ಗಂಟೆ ಇರುವಾಗ ಇದು ಗೊತ್ತಾದರೆ ಕಷ್ಟ. ಮೊದಲ ದಿನವೇ ‘ಕೃಷ್ಣ’, ‘ಸ್ತ್ರೀ’ ಅಂತ ಎರಡು ಪದ ಪರದೆ ಮೇಲೆ ಹಾಕಿ ನೋಡಿಬಿಡಿ.

ಅಂಕಗಳ ವಿಷಯ. ಲೂಡಮ್ ಡೇರ್‌ನಲ್ಲಿ ಮಜಾ, ಹೊಸತನ, ವಿಷಯಕ್ಕೆ ಹೊಂದಿಕೆ, ಚಿತ್ರ, ಸದ್ದು, ಹಾಸ್ಯ, ಮೂಡ್ ಅಂತ ಬೇರೆ ಬೇರೆ ಅಂಕ ಇರುತ್ತದೆ. ಕನಿಷ್ಠ 20 ಜನ ಅಂಕ ಕೊಟ್ಟರೆ ಮಾತ್ರ ಸ್ಥಾನ ಸಿಗುತ್ತದೆ. ಇಚ್.ಐಓ ಲೆಕ್ಕ ಬೇರೆ. ಎಲ್ಲ ಆಟಗಳನ್ನೂ ಬಂದ ಮತಗಳ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವ ಆಟಕ್ಕಿಂತ ನಿಮ್ಮದಕ್ಕೆ ಮತ ಕಡಿಮೆ ಇದ್ದರೆ, ಅಂಕವನ್ನು ಇಳಿಸುತ್ತಾರೆ. ನಡುವಿನ ಆಟಕ್ಕೆ 16 ಮತ, ನಿಮಗೆ 4 ಮತ ಅಂತ ಇಟ್ಟುಕೊಳ್ಳಿ. 4ನ್ನು 16ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಅರ್ಧ. ಆಡಿದವರು ಸರಾಸರಿ 4 ಅಂಕ ಕೊಟ್ಟಿದ್ದರೂ ಪಟ್ಟಿಯಲ್ಲಿ 2 ಅಂತ ಬರುತ್ತದೆ. ಇದು ಗೊತ್ತಿಲ್ಲದೆ ‘ನಮ್ಮ ಆಟ ಯಾರಿಗೂ ಇಷ್ಟ ಆಗಿಲ್ಲ’ ಅಂತ ಮಕ್ಕಳು ಕುಗ್ಗಿಹೋಗುತ್ತಾರೆ. ಇಷ್ಟ ಆಗಿದೆ, ಆಡಿದವರು ಕಡಿಮೆ ಅಷ್ಟೇ. ಬೇರೆಯವರ ಆಟ ಆಡಿ, ಮನಸ್ಸಿಟ್ಟು ಬರೆಯಿರಿ. ಅವರಲ್ಲಿ ಬಹಳ ಜನ ತಿರುಗಿ ನಿಮ್ಮ ಆಟಕ್ಕೆ ಬರುತ್ತಾರೆ.

ಕಷ್ಟದ ವಿಷಯದಲ್ಲಿ ಮಾತ್ರ ನಾನು ಆಟಗಾರರ ಪರ, ಚರ್ಚೆಯೇ ಇಲ್ಲ. ಆಟ ಮಾಡಿದವರು ಆ ಲೆವೆಲ್ ಅನ್ನು ಕಣ್ಣು ಮುಚ್ಚಿ ಮುಗಿಸುವಷ್ಟು ಸಲ ಆಡಿರುತ್ತಾರೆ. ಅವರಿಗೆ ಹದವಾಗಿ ಕಂಡಿದ್ದು ಹೊಸಬರಿಗೆ ಗೋಡೆ. ನಿಮಗೆ ‘ತೀರಾ ಸುಲಭ ಆಯ್ತೇನೋ’ ಅನ್ನಿಸುವಷ್ಟು ಇಳಿಸಿ, ಅದು ಜ್ಯಾಮ್ ಆಟಕ್ಕೆ ಸರಿಹೋಗುತ್ತದೆ.

ಎದುರಿಗೆ ಕೂರಿಸಿ ಆಡಿಸುವುದು ಇನ್ನೊಂದು ಬಗೆ. ತಂಗಿ, ಹಾಸ್ಟೆಲ್ ರೂಮ್‌ಮೇಟ್, ಚಿಕ್ಕಪ್ಪನ ಮಗ ಯಾರಾದರೂ ಆಗಬಹುದು. ನಮ್ಮವರು ‘ಚೆನ್ನಾಗಿದೆ ಕಣೋ’ ಅಂದೇ ಅನ್ನುತ್ತಾರೆ, ಪ್ರೀತಿಗೆ. ಹಾಗಾಗಿ ‘ಹೇಗಿದೆ?’ ಅಂತ ಕೇಳಲೇಬೇಡಿ. ಹಿಂದೆ ಸುಮ್ನೆ ಕೂತು ಕೈ ನೋಡಿ. ‘ಅಲ್ಲಿ ಜಂಪ್ ಒತ್ತು’ ಅಂತ ನೀವು ಬಾಯಿಬಿಟ್ಟ ಕೂಡಲೇ ಆ ಪರೀಕ್ಷೆ ಮುಗಿಯಿತು. ಮುಗಿದ ಮೇಲೆ ‘ಈಗ ನೀನು ಏನು ಮಾಡ್ಬೇಕು ಅನ್ಕೊಂಡಿದ್ದೆ?’ ಅಂತ ಕೇಳಿ. ಆ ಉತ್ತರದಲ್ಲಿ ಸಿಗುವಷ್ಟು ಮಾಹಿತಿ ಬೇರೆಲ್ಲೂ ಸಿಗುವುದಿಲ್ಲ. ಗಡುವಿಗೆ ಮೊದಲೇ ಇದನ್ನು ಒಬ್ಬರ ಮೇಲಾದರೂ ಮಾಡಿದರೆ ಆಮೇಲೆ ಬರುವ ದೂರುಗಳು ಎಷ್ಟೋ ಕಡಿಮೆಯಾಗುತ್ತವೆ.

ಉತ್ತರ ಬರೆಯುವಾಗ ‘ನಮಗೆ ಟೈಮ್ ಇರ್ಲಿಲ್ಲ’ ಅಂತ ಸಮಜಾಯಿಷಿ ಬೇಡ, ಅದು ಅವರಿಗೂ ಗೊತ್ತು. ಥ್ಯಾಂಕ್ಸ್ ಹೇಳಿ ಒಂದೇ ಒಂದು ಪ್ರಶ್ನೆ ಕೇಳಿ: ಯಾವ ಲೆವೆಲ್, ಯಾವ ಬ್ರೌಸರ್? ಸುಮ್ನೆ ಚುಚ್ಚಲೆಂದೇ ಬರೆದವರಿಗೆ ಉತ್ತರ ಕೊಡುವ ಅಗತ್ಯವೇ ಇಲ್ಲ. ತಂಡದಲ್ಲಿ ಮೊದಲ ಸಲ ಆಟ ಮಾಡಿದವರಿದ್ದರೆ, ಅಂಥದ್ದನ್ನು ಅವರು ಒಬ್ಬರೇ ಕೂತು ಓದದ ಹಾಗೆ ದೊಡ್ಡವರು ನೋಡಿಕೊಳ್ಳಿ.

ತಿದ್ದಿದ ಆಟವನ್ನು ಏರಿಸುವ ಮೊದಲು ಜ್ಯಾಮ್‌ನ ನಿಯಮ ನೋಡಿ. ಕೆಲವು ಕಡೆ ಆಟ ಕೆಡಿಸುವ ಬಗ್ ತಿದ್ದಲು ಬಿಡುತ್ತಾರೆ, ಹೊಸದು ಸೇರಿಸಲು ಬಿಡುವುದಿಲ್ಲ. ಮತ ಹಾಕುವ ದಿನಗಳಲ್ಲಿ ಅಪ್‌ಲೋಡ್ ಪೂರ್ತಿ ಮುಚ್ಚಿಡುವ ಜ್ಯಾಮ್‌ಗಳೂ ಇವೆ. ಆ ದಿನಗಳಲ್ಲಿ ಬಂದ ಮಾತುಗಳನ್ನೆಲ್ಲ ಒಂದು ಶೀಟ್‌ನಲ್ಲಿ ಬರೆದಿಡಿ: ಎಲ್ಲಿ ಆಯಿತು, ಏನಾಯಿತು, ನಮ್ಮ ಊಹೆ ಏನು. ಮತದಾನ ಮುಗಿದ ಮೇಲೆ ತಿದ್ದಿದ್ದನ್ನು ‘ಜ್ಯಾಮ್ ನಂತರದ ಆವೃತ್ತಿ’ ಅಂತ ಹೆಸರಿಟ್ಟು ಅದೇ ಪುಟದಲ್ಲಿ ಬೇರೆ ಫೈಲ್ ಆಗಿ ಹಾಕಿ, ಹಳೆಯದನ್ನು ಅಳಿಸಬೇಡಿ. ಅಂಚಿನಲ್ಲಿ ಬಿದ್ದು ಅರ್ಧಕ್ಕೆ ಬಿಟ್ಟವರಿಗೆ ‘ಜಂಪ್ ಸರಿ ಮಾಡಿದ್ದೀವಿ, ಇನ್ನೊಂದ್ಸಲ ನೋಡ್ತೀರಾ?’ ಅಂತ ಒಂದು ಸಾಲು ಬರೆಯಿರಿ.