ಸಡಿಲವಾದ ಒಂದು ಸ್ನೇರ್ ತಂತಿ: ‘ಸೇಂಟ್ ಆ್ಯಂಗರ್’ ಜಗಳದ ಹಿನ್ನೆಲೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಗಿಟಾರ್ ಹಿಡಿಯುವ ನಾಲ್ಕು ಹುಡುಗರು ಒಂದೆಡೆ ಸೇರಿದರೆ ಮಾತು ಅಮೆರಿಕದ ಹೆವಿ ಮೆಟಲ್ ತಂಡ ಮೆಟಾಲಿಕಾ ಕಡೆ ತಿರುಗುತ್ತದೆ. ‘ಸೇಂಟ್ ಆ್ಯಂಗರ್’ ಹೆಸರು ಬಂದ ಕೂಡಲೇ ಜಗಳ ಶುರು. ಆ ಹೆಸರಿನ ಅವರ ಆಲ್ಬಂ ಬಂದದ್ದು 2003ರ ಜೂನ್‌ನಲ್ಲಿ. ಇವತ್ತು ಅದರ ಮೇಲೆ ಕಿತ್ತಾಡುವ ಎಷ್ಟೋ ಮಂದಿ ಆಗ ಹುಟ್ಟಿರಲಿಲ್ಲ. ಒಬ್ಬ ‘ಎಣ್ಣೆ ಡಬ್ಬ ಬಡಿದ ಹಾಗಿದೆ’ ಅನ್ನುತ್ತಾನೆ. ಇನ್ನೊಬ್ಬ ‘ಅಷ್ಟು ಪ್ರಾಮಾಣಿಕವಾದ ಆಲ್ಬಂ ಅವರು ಮತ್ತೆ ಮಾಡಲೇ ಇಲ್ಲ’ ಅನ್ನುತ್ತಾನೆ. ಮೂರನೆಯವನು ಆ ವರ್ಷದ ಟೂರ್‌ನ ರೆಕಾರ್ಡಿಂಗ್ ಹಾಕಿ, ‘ಹಾಡಲ್ಲಿ ತಪ್ಪಿಲ್ಲ, ಕೇಳಿ ನೋಡು’ ಎಂದು ಪಟ್ಟು ಹಿಡಿಯುತ್ತಾನೆ.

ಮೂವರೂ ಮಾತಾಡುತ್ತಿರುವುದು ಬೇರೆ ಬೇರೆ ವಿಷಯ. ಡ್ರಮ್ಮಿನ ಸದ್ದು ಒಂದು ದೂರು, ಗಿಟಾರ್ ಸೋಲೊ (ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ) ಇಲ್ಲದ್ದು ಇನ್ನೊಂದು, ಹಾಡು ಕಟ್ಟಿದ ಕ್ರಮ ಮೂರನೆಯದು. ಇಪ್ಪತ್ತು ವರ್ಷದಲ್ಲಿ ಈ ಮೂರೂ ಒಂದಕ್ಕೊಂದು ಸುತ್ತಿಕೊಂಡು, ಯಾವ ಎಳೆ ಎಲ್ಲಿಂದ ಬಂತು ಎಂದು ತಿಳಿಯದಂತಾಗಿದೆ.

ಈ ಬ್ಯಾಂಡಿನ ಅಭಿಮಾನಿಗಳಿಗೆ ಜಗಳ ಹೊಸದೇನಲ್ಲ. 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ತಂಡ 1986ರಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ಬೇಸ್ ವಾದಕ ಕ್ಲಿಫ್ ಬರ್ಟನ್‌ನನ್ನು ಕಳೆದುಕೊಂಡಿತು. 1988ರ ಆಲ್ಬಂನಲ್ಲಿ ಬೇಸ್ ಕೇಳಿಸುವುದೇ ಇಲ್ಲ ಎಂದು ದೂರಿದರು, 1991ರ ಕಪ್ಪು ಹೊದಿಕೆಯ ಆಲ್ಬಂ ಸರಳವಾಯಿತು ಎಂದರು, 1996ರಲ್ಲಿ ಕೂದಲು ಕತ್ತರಿಸಿದ್ದಕ್ಕೂ ಮುನಿದರು, 2000ದಲ್ಲಿ ಹಾಡಿನ ಫೈಲುಗಳನ್ನು ಪುಕ್ಕಟೆ ಹಂಚಿಕೊಳ್ಳುವ ಸೇವೆಯಾದ ನ್ಯಾಪ್‌ಸ್ಟರ್ ಮೇಲೆ ಮೊಕದ್ದಮೆ ಹೂಡಿದಾಗ ಅರ್ಧ ಜಗತ್ತೇ ಬೈಯಿತು. ‘ಸೇಂಟ್ ಆ್ಯಂಗರ್’ ಬರುವ ಹೊತ್ತಿಗೆ ಕೇಳುಗರ ಸಹನೆ ತೆಳುವಾಗಿತ್ತು.

ಆಲ್ಬಂ ತಯಾರಾದ ಕಾಲವೂ ಕೆಟ್ಟದ್ದೇ. 2001ರ ಜನವರಿಯಲ್ಲಿ ಬೇಸ್ ವಾದಕ ಜೇಸನ್ ನ್ಯೂಸ್ಟೆಡ್ ತಂಡ ಬಿಟ್ಟರು. ಉಳಿದ ಮೂವರು ಸ್ಯಾನ್ ಫ್ರಾನ್ಸಿಸ್ಕೊದ ಪ್ರೆಸಿಡಿಯೊದಲ್ಲಿ ಹಳೆಯ ಸೈನಿಕ ಕಟ್ಟಡವೊಂದರಲ್ಲಿ ಧ್ವನಿಮುದ್ರಣ ಶುರುಮಾಡಿದರು. ಜುಲೈನಲ್ಲಿ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡುವ ಚಿಕಿತ್ಸೆಗೆ ಹೋದರು, ಕೆಲಸ ನಿಂತಿತು. 2002ರಲ್ಲಿ ಸ್ಯಾನ್ ರಫೇಲ್‌ನ ಹೊಸ ಸ್ಟುಡಿಯೊದಲ್ಲಿ ಮತ್ತೆ ಕೂತಾಗ ಹೆಟ್‌ಫೀಲ್ಡ್‌ಗೆ ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ ಕೆಲಸ ಮಾಡುವ ಕಟ್ಟುಪಾಡಿತ್ತು. ಬೇಸ್ ನುಡಿಸಿದ್ದು ನಿರ್ಮಾಪಕ ಬಾಬ್ ರಾಕ್. ಈಗಿನ ಬೇಸ್ ವಾದಕ ರಾಬರ್ಟ್ ಟ್ರುಹಿಯೊ ಬಂದದ್ದು 2003ರ ಫೆಬ್ರುವರಿಯಲ್ಲಿ. ಆಲ್ಬಂನಲ್ಲಿ ಅವರ ಒಂದು ಸ್ವರವೂ ಇಲ್ಲ.

ಇನ್ನು ಆ ಡ್ರಮ್ಮು. ಸ್ನೇರ್ ಅಂದರೆ ಡ್ರಮ್ ವಾದಕನ ಮೊಣಕಾಲ ನಡುವೆ ಇರುವ, ಸಾಮಾನ್ಯವಾಗಿ 14 ಇಂಚು ವ್ಯಾಸದ ತೆಳು ಡ್ರಮ್. ಮೇಲಿನ ಹಾಳೆ ದಪ್ಪ, ಕೋಲು ಬೀಳುವುದು ಅದರ ಮೇಲೆ. ಕೆಳಗಿನ ಹಾಳೆ ತೀರ ತೆಳು. ಆ ಕೆಳಹಾಳೆಗೆ ತಾಗಿದಂತೆ ಸುರುಳಿ ಸುತ್ತಿದ ಉಕ್ಕಿನ ತಂತಿಗಳ ಪಟ್ಟಿ ಇರುತ್ತದೆ, ಹೆಚ್ಚಾಗಿ 20 ಎಳೆ. ಪಕ್ಕದಲ್ಲೊಂದು ಸಣ್ಣ ಲಿವರ್. ಅದನ್ನು ಮೇಲೆತ್ತಿದರೆ ತಂತಿ ಹಾಳೆಗೆ ಅಂಟುತ್ತದೆ, ಇಳಿಸಿದರೆ ಬಿಡುತ್ತದೆ. ತಂತಿ ಅಂಟಿದ್ದಾಗ ಪ್ರತಿ ಪೆಟ್ಟಿಗೂ ‘ಛರ್’ ಎಂಬ ಚೂಪು ಸದ್ದು ಬರುತ್ತದೆ, ಡ್ರಮ್ಮಿನ ಸ್ವಂತ ನಾದ ಅದರೊಳಗೆ ಮುಚ್ಚಿಹೋಗುತ್ತದೆ. ತಂತಿ ಬಿಟ್ಟರೆ ‘ಟಂಯ್’ ಎಂಬ ಬೋಳು ನಾದ ಮಾತ್ರ ಉಳಿಯುತ್ತದೆ.

ತಂಬೂರಿ ಶ್ರುತಿ ಮಾಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಕುದುರೆಯ ಮೇಲೆ ತಂತಿಯಡಿ ಇಡುವ ನೂಲಿನೆಳೆಯನ್ನು, ಅದೇ ಜೀವಾಳವನ್ನು, ತೆಗೆದುಬಿಡಿ. ಶ್ರುತಿ ಒಂದಿಷ್ಟೂ ಕೆಡುವುದಿಲ್ಲ. ಝೇಂಕಾರ ಮಾತ್ರ ಇರುವುದಿಲ್ಲ. ಡ್ರಮ್ ವಾದಕ ಲಾರ್ಸ್ ಉಲ್ರಿಕ್ ಒಮ್ಮೆ ಲಿವರ್ ಏರಿಸಲು ಮರೆತರು, ವಾಪಸ್ ಕೇಳಿದಾಗ ಆ ಸದ್ದು ಹಿಡಿಸಿತು, ಹಾಗೆಯೇ ಉಳಿಸಿಕೊಂಡರು. ಅಲ್ಲಿದ್ದ ಯಾರೂ ತಡೆಯಲಿಲ್ಲ.

ಈ ನಾದದಲ್ಲಿ ಕೆಟ್ಟದ್ದೇನು ಎಂದು ಡೊಳ್ಳಿನವರು ಕೇಳಿಯಾರು. ಡೊಳ್ಳಿಗೆ ತಂತಿ ಇಲ್ಲ, ಅದರ ಗುಂಯ್‌ಗುಡುವ ನಾದವೇ ಅದರ ಸೊಬಗು. ಆದರೆ ಡೊಳ್ಳು ಬಯಲಲ್ಲಿ ನುಡಿಯುತ್ತದೆ, ಅದರ ನಾದ ತಗ್ಗಿನದು, ಜೊತೆಗಿರುವ ತಾಳ ಅದಕ್ಕಿಂತ ಬಹಳ ಮೇಲೆ ಕೂತಿರುತ್ತದೆ. ಯಾರೂ ಯಾರ ದಾರಿಗೂ ಅಡ್ಡ ಬರುವುದಿಲ್ಲ. ತಂತಿ ಬಿಟ್ಟ ಸ್ನೇರ್‌ನ ನಾದ ಗಿಟಾರೂ ಮನುಷ್ಯನ ಕಂಠವೂ ಓಡಾಡುವ ಜಾಗದಲ್ಲೇ ಬಂದು ಬೀಳುತ್ತದೆ. ಪೆಟ್ಟು ಮುಗಿದ ಮೇಲೂ ಅದು ಗುನುಗುತ್ತಿರುತ್ತದೆ. ಅಷ್ಟರಲ್ಲಿ ಮುಂದಿನ ಪೆಟ್ಟು. ವೇಗದ ಭಾಗಗಳಲ್ಲಿ ಈ ಗುನುಗು ಒಂದರ ಮೇಲೊಂದು ಪೇರಿಕೊಂಡು ಗಿಟಾರ್‌ನ ಅಂಚನ್ನೇ ತಿಂದುಹಾಕುತ್ತದೆ. ಕಿವಿ ದಣಿಯುವುದು ಅದಕ್ಕೇ.

ಆ ಸದ್ದು ಬೇಕೆಂದು ಪ್ರಯತ್ನಿಸುವ ನಮ್ಮ ಕಡೆಯ ಹುಡುಗರು ಎಡವುವುದೂ ಇಲ್ಲೇ. ಹಂಚಿನ ಮಾಡಿನ ಹಳೆಮನೆಯಲ್ಲಿ ಸದ್ದು ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತದೆ, ಸಹಿಸಬಹುದು. ನಾಲ್ಕೂ ಕಡೆ ಸಿಮೆಂಟು, ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್ ಇರುವ ಕೋಣೆಯಲ್ಲಿ ಅದೇ ಡ್ರಮ್ ಗೋಡೆಯಿಂದ ಗೋಡೆಗೆ ಬಡಿದುಕೊಂಡು ತಲೆ ಚಿಟ್ಟು ಹಿಡಿಸುತ್ತದೆ. ಮೊಟ್ಟೆಯ ಟ್ರೇ ಅಂಟಿಸಿದರೆ ಪ್ರಯೋಜನವಿಲ್ಲ. ದಪ್ಪನೆಯ ಹಾಸಿಗೆಯನ್ನು ಗೋಡೆಗೆ ಒರಗಿಸಿಟ್ಟರೆ ಸ್ವಲ್ಪ ಉಪಯೋಗ. ಮೇಲಿನ ಹಾಳೆಯ ಅಂಚಿಗೆ ಎರಡು ಬೆರಳಗಲದ ಬಟ್ಟೆಯ ಮಡಿಕೆಯನ್ನು ಟೇಪ್ ಹಾಕಿ ಅಂಟಿಸಿದರೆ ಗುನುಗು ಅರ್ಧಕ್ಕೆ ಇಳಿಯುತ್ತದೆ. ಮಧ್ಯದ ಕಡೆ ಸರಿಸಿದಷ್ಟೂ ಡ್ರಮ್ ಸತ್ತಂತಾಗುತ್ತದೆ, ಅಂಚಿನಲ್ಲೇ ಇರಲಿ. ಮಲೆನಾಡಿನ ಮಳೆಗೆ ಡೊಳ್ಳಿನ ಚರ್ಮ ಸಡಿಲಾಗುವಂತೆ ಸ್ನೇರ್‌ನ ಪ್ಲಾಸ್ಟಿಕ್ ಹಾಳೆ ಸಡಿಲಾಗುವುದಿಲ್ಲ, ಆದರೆ ಕೆಳಗಿನ ಉಕ್ಕಿನ ಎಳೆಗಳಿಗೆ ತುಕ್ಕು ಹಿಡಿಯುತ್ತದೆ. ಒಂದೆರಡು ಎಳೆ ಜೋತುಬಿದ್ದರೆ ಲಿವರ್ ಏರಿಸಿದರೂ ಒಡಕು ಸದ್ದೇ.

ಎರಡನೆಯ ದೂರು, ಸೋಲೊ. ಕರ್ಕ್ ಹ್ಯಾಮೆಟ್‌ನಂಥ ಸೋಲೊ ಗಿಟಾರ್ ವಾದಕ ಇರುವ ತಂಡದ 11 ಹಾಡಿನಲ್ಲಿ ಒಂದೂ ಸೋಲೊ ಇಲ್ಲ. ಸ್ಟುಡಿಯೊದಲ್ಲಿ ಈ ಬಗ್ಗೆ ವಾದ ನಡೆದದ್ದು ಈ ಆಲ್ಬಂ ತಯಾರಾದ ಬಗೆಯ 2004ರ ಸಾಕ್ಷ್ಯಚಿತ್ರದಲ್ಲೇ ಇದೆ. ಇದನ್ನು ಬಹಳ ಹಿಗ್ಗಿಸುವ ಅಗತ್ಯವಿಲ್ಲ; ಸೋಲೊ ಇಲ್ಲದ ಒಳ್ಳೆಯ ಹಾಡುಗಳು ಬೇಕಾದಷ್ಟಿವೆ. ಇದಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು ಶ್ರುತಿ. ಹೆಚ್ಚಿನ ಹಾಡುಗಳು ಡ್ರಾಪ್ ಸಿ ಶ್ರುತಿಯಲ್ಲಿವೆ. ಆರೂ ತಂತಿಯನ್ನು ಒಂದು ಪೂರ್ಣ ಸ್ವರ ಇಳಿಸಿ, ದಪ್ಪನೆಯ ಆರನೇ ತಂತಿಯನ್ನು ಇನ್ನೊಂದು ಪೂರ್ಣ ಸ್ವರ ಇಳಿಸಬೇಕು. ಆ ತಂತಿಯ ಬಿಗಿ ಸುಮಾರು ಶೇ 37ರಷ್ಟು ಕಡಿಮೆಯಾಗುತ್ತದೆ. ಅಂಗಡಿಯಿಂದ ಬಂದ 10–46 ಸೆಟ್ಟಿನಲ್ಲೇ (ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಇದನ್ನು ಮಾಡಿದರೆ ತಂತಿ ಗಿಟಾರ್ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗೆ, ಅಂದರೆ ಫ್ರೆಟ್ಟಿಗೆ ಬಡಿದು ಗರಗರ ಅನ್ನುತ್ತದೆ, ಜೋರಾಗಿ ಮೀಟಿದರೆ ಸ್ವರ ಮೇಲೇರುತ್ತದೆ. ಆರನೇ ತಂತಿ 54 ಅಥವಾ 56 ಇರುವ ಸೆಟ್ ಹಾಕಿ, ಕುತ್ತಿಗೆಯೊಳಗಿನ ಲೋಹದ ಸರಳನ್ನು ಸರಿಮಾಡಿ, 12ನೇ ಫ್ರೆಟ್ಟಿನ ಸ್ವರವನ್ನು ಟ್ಯೂನರಿನಲ್ಲಿ ನೋಡಿಯೇ ಮುಂದುವರಿಯಬೇಕು.

ಮೂರನೆಯ ದೂರನ್ನು ಎತ್ತುವವರು ಕಡಿಮೆ. ನಿಜವಾದ ತೊಡಕು ಇರುವುದು ಅಲ್ಲೇ. ಗಂಟೆಗಟ್ಟಲೆ ನುಡಿಸುತ್ತ ಹೋದದ್ದನ್ನೆಲ್ಲ ರೆಕಾರ್ಡ್ ಮಾಡಿ, ಚೆನ್ನಾಗಿ ಬಂದ ತುಣುಕುಗಳನ್ನು ಪ್ರೊ ಟೂಲ್ಸ್ ಎಂಬ ತಂತ್ರಾಂಶದಲ್ಲಿ ಕತ್ತರಿಸಿ, ಜೋಡಿಸಿ ಹಾಡು ಮಾಡಿದರು. ಕತ್ತರಿಸುವುದು ತಪ್ಪಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಜೋಡಿಸುವಾಗ ಒಂದು ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ನಾಲ್ಕು ಸಲ ಬರಬೇಕೋ ಎಂಟು ಸಲವೋ ಎಂದು ಹೇಳುವುದು ನುಡಿಸುವವನ ಕೈಯ ದಣಿವು, ಎದುರಿಗೆ ಕೂತವರ ಮುಖ. ತಾಳಮದ್ದಳೆಯಲ್ಲಿ ಅರ್ಥಧಾರಿ ಒಂದೇ ಮಾತನ್ನು ಎಳೆದರೆ ಸಭೆ ಕದಲುತ್ತದೆ, ಭಾಗವತರು ಪದ್ಯ ಎತ್ತಿಬಿಡುತ್ತಾರೆ. ಕಂಪ್ಯೂಟರ್ ಪರದೆಯ ಮೇಲೆ ಹಾಗೆ ಕದಲುವವರಿಲ್ಲ. ಶೀರ್ಷಿಕೆ ಹಾಡು 7 ನಿಮಿಷ 21 ಸೆಕೆಂಡು, ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ 8 ನಿಮಿಷ 25 ಸೆಕೆಂಡು. ಒಟ್ಟು ಸುಮಾರು 75 ನಿಮಿಷ. ಎರಡನೆಯದನ್ನು ಸಿಂಗಲ್ ಆಗಿ ಬಿಟ್ಟಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರು. ಆ ಚಿಕ್ಕ ರೂಪದಲ್ಲಿ ಹಾಡು ಗಟ್ಟಿಯಾಗಿ ನಿಲ್ಲುತ್ತದೆ, ಸ್ನೇರ್ ಅದೇ ಇದ್ದರೂ. ಅಭಿಮಾನಿಗಳು ಇಡೀ ಆಲ್ಬಂ ಅನ್ನು ತಂತಿ ಏರಿಸಿದ ಸ್ನೇರ್‌ನಲ್ಲಿ ಮತ್ತೆ ನುಡಿಸಿ ಬಿಟ್ಟಿದ್ದೂ ಇದೆ. ಡ್ರಮ್ ಸರಿಹೋದ ಮೇಲೂ ಮೊಟಕಾಗದ ಹಾಡುಗಳು ಉದ್ದ ಅನ್ನಿಸುವುದು ನಿಲ್ಲುವುದಿಲ್ಲ. ಎಲ್ಲ ತಪ್ಪನ್ನೂ ಸ್ನೇರ್ ಮೇಲೆ ಹೊರಿಸುವುದು ಅನ್ಯಾಯ.

ಟೂರ್ ಈ ಗಂಟನ್ನು ಇನ್ನಷ್ಟು ಬಿಗಿಮಾಡಿತು. ಸಿಡಿಯ ಜೊತೆಗೇ ಒಂದು ಡಿವಿಡಿ ಇತ್ತು. ಟ್ರುಹಿಯೊ ಸೇರಿ ನಾಲ್ವರೂ ಒಂದೇ ಕೋಣೆಯಲ್ಲಿ ಎಲ್ಲ ಹಾಡನ್ನೂ ಅಭ್ಯಾಸ ಮಾಡುವುದು ಅದರಲ್ಲಿದೆ. ಕಂಪ್ಯೂಟರಿನಲ್ಲಿ ಜೋಡಿಸಿದ್ದನ್ನು ಮನುಷ್ಯರು ಕಲಿತು ನುಡಿಸಿದಾಗ ಹಾಡು ಉಸಿರಾಡುವುದನ್ನು ಅಲ್ಲಿ ನೋಡಬಹುದು. 2003ರ ಜುಲೈ, ಆಗಸ್ಟ್‌ನಲ್ಲಿ ಉತ್ತರ ಅಮೆರಿಕದ ಕ್ರೀಡಾಂಗಣಗಳಲ್ಲಿ ‘ಸಮ್ಮರ್ ಸ್ಯಾನಿಟೇರಿಯಂ’ ಟೂರ್ ನಡೆಯಿತು. ಜೊತೆಗೆ ಲಿಂಪ್ ಬಿಜ್ಕಿಟ್, ಲಿಂಕಿನ್ ಪಾರ್ಕ್, ಡೆಫ್‌ಟೋನ್ಸ್, ಮಡ್‌ವೇಯ್ನ್. ಹಳೆಯ ಅಭಿಮಾನಿಗಳಿಗೆ ಈ ಸಹವಾಸವೇ ಹಿಡಿಸಲಿಲ್ಲ. ಷಿಕಾಗೊ ಪ್ರದರ್ಶನದಲ್ಲಿ ಜನ ಕೂಗಿ ಲಿಂಪ್ ಬಿಜ್ಕಿಟ್ ಅನ್ನು ವೇದಿಕೆಯಿಂದ ಇಳಿಸಿದರು. ವೇದಿಕೆಯಲ್ಲಿ ಸ್ನೇರ್ ತಂತಿ ಮತ್ತೆ ಏರಿತು, ಏಕೆಂದರೆ ಹಳೆಯ ಹಾಡುಗಳಿಗೆ ಅದು ಬೇಕೇಬೇಕು. 11ರಲ್ಲಿ ಬೆರಳೆಣಿಕೆಯ ಹೊಸ ಹಾಡುಗಳಷ್ಟೇ ವೇದಿಕೆ ಹತ್ತಿದವು. ‘ಅವರಿಗೇ ನಂಬಿಕೆ ಇರಲಿಲ್ಲ’ ಎಂದು ವಿರೋಧಿಗಳು ಇದನ್ನೇ ಸಾಕ್ಷಿ ಮಾಡಿಕೊಂಡರು. ‘ಸದ್ದು ಸರಿಯಿದ್ದರೆ ಹಾಡು ಎಷ್ಟು ಗಟ್ಟಿ ನೋಡಿ’ ಎಂದು ಪರವಾದವರೂ ಅದೇ ರೆಕಾರ್ಡಿಂಗನ್ನು ತೋರಿಸಿದರು. ಶೀರ್ಷಿಕೆ ಹಾಡಿಗೆ 2004ರಲ್ಲಿ ಗ್ರ್ಯಾಮಿ ಬಂದದ್ದು ಯಾರ ಮನಸ್ಸನ್ನೂ ಬದಲಿಸಲಿಲ್ಲ.

ನಮ್ಮ ಕಡೆ ಹಲವರು ಇದನ್ನು ಮೊದಲು ಕೇಳಿದ್ದು ಎಂಪಿ3 ಸಿಡಿಯಲ್ಲಿ, ಸೈಬರ್ ಕೆಫೆಯಲ್ಲಿ ಇಳಿಸಿಕೊಂಡ ಫೈಲಿನಲ್ಲಿ. 128 ಕೆಬಿಪಿಎಸ್ ಎಂಪಿ3 ಮೊದಲು ಕೆಡಿಸುವುದು ಸಿಂಬಲ್ಲನ್ನು, ಚೂಪು ಪೆಟ್ಟನ್ನು. ಮೊದಲೇ ಒರಟಾದ ಸದ್ದು ಇನ್ನೂ ಮಸುಕಾಗಿ ಕಿವಿಗೆ ಬಿತ್ತು. ಆ ನೆನಪಿನ ಮೇಲೇ ಇವತ್ತಿಗೂ ವಾದ ಮಾಡುವವರಿದ್ದಾರೆ. ಒಮ್ಮೆ ಮೂಲ ಸಿಡಿಯಲ್ಲಿ, ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳುವುದು ವಾಸಿ.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ಎರಡು ದಿನ ಹಿಂದೆ ಗುರುಗ್ರಾಮದ ಕಾರ್ಯಕ್ರಮ ರದ್ದಾಗಿದ್ದರಿಂದ ಇದೂ ನಡೆಯುತ್ತದೋ ಇಲ್ಲವೋ ಎಂಬ ಆತಂಕ ಎಲ್ಲರಿಗೂ ಇತ್ತು. ಆ ರಾತ್ರಿ ನುಡಿಸಿದ ಪಟ್ಟಿಯಲ್ಲಿ 1980ರ ದಶಕದ ಹಾಡುಗಳಿದ್ದವು, 1991ರವು ಇದ್ದವು, 2008ರವೂ ಇದ್ದವು. ‘ಸೇಂಟ್ ಆ್ಯಂಗರ್’ನಿಂದ ಒಂದೂ ಇರಲಿಲ್ಲ. ತಂಡ ಈ ಆಲ್ಬಂ ಅನ್ನು ಕರ್ನಾಟಕದ ನೆಲದ ಮೇಲೆ ನುಡಿಸಲೇ ಇಲ್ಲ. ಇಲ್ಲಿಯವರ ಜಗಳ ಇಷ್ಟು ಕಾಲ ಉಳಿದದ್ದಕ್ಕೆ ಅದೂ ಒಂದು ಕಾರಣ. ಎದುರು ನಿಂತು ಕೇಳಿ ತೀರ್ಮಾನಿಸುವ ಅವಕಾಶವೇ ಸಿಗಲಿಲ್ಲ.

ತಂಡ ಮಾತ್ರ ಒಂದು ಹಾಡನ್ನು ಕೈಬಿಡಲಿಲ್ಲ. ಆಲ್ಬಂನ ಕೊನೆಯ ಹಾಡು ‘ಆಲ್ ವಿದಿನ್ ಮೈ ಹ್ಯಾಂಡ್ಸ್’, ಅಲ್ಲಿ 8 ನಿಮಿಷ 47 ಸೆಕೆಂಡಿನ ಬಡಿತ. 2007ರಲ್ಲಿ ಅದನ್ನು ಅಕೂಸ್ಟಿಕ್ ಗಿಟಾರ್‌ಗೆ ಇಳಿಸಿ, ನಿಧಾನವಾಗಿ ಹಾಡಿದರು. 2019ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯ ಜೊತೆಗೂ ಆ ಶಾಂತ ರೂಪವನ್ನೇ ನುಡಿಸಿದರು. ತಮ್ಮ ದತ್ತಿ ಸಂಸ್ಥೆಗೂ ಅದೇ ಹೆಸರಿಟ್ಟರು. ಮಾತು ಹೆಚ್ಚುಕಡಿಮೆ ಅದೇ, ಪುನರಾವರ್ತನೆ ಕಳಚಿದೆ. ಮಳೆಗಾಲದ ಸಂಜೆ ಕರೆಂಟು ಹೋದ ಮೇಲೂ ಒಂದು ಗಿಟಾರ್ ಇಟ್ಟುಕೊಂಡು ನುಡಿಸಬಹುದಾದ ರೂಪ ಅದು.