ಮಳೆಯಿಲ್ಲದೆ ತೊಯ್ದ ಸಿಮೆಂಟು

ಜನವರಿ ತಿಂಗಳು. ಬೆಳಗ್ಗೆ ಏಳಕ್ಕೇ ಗದಗದಿಂದ ಅಣ್ಣನ ಫೋನು. "ತಮ್ಮಾ, ಮಳಿ ಇಲ್ಲ, ಮಾಡ ಇಲ್ಲ, ಸಿಮೆಂಟ್ ಚೀಲ ತೊಯ್ದಾವ ನೋಡು. ಡಬ್ಬಿ ಸೋರಾಕತ್ತೈತಿ. ನೀನ ಆರಿಸಿ ಕೊಡಿಸಿದ್ದು!"

ಅಣ್ಣ ಅಂದರೆ ದೊಡ್ಡಪ್ಪನ ಮಗ. ಊರ ಹೊರಗಿನ ಹೊಲದಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಶುರುವಿನಲ್ಲಿ ತಗಡಿನ ಶೆಡ್ ಹಾಕಿದ್ದ. ಒಂದೇ ತಿಂಗಳಲ್ಲಿ ಎರಡು ಸಲ ಕಳ್ಳತನವಾಯಿತು, ಒಮ್ಮೆ ವೈರು, ಇನ್ನೊಮ್ಮೆ ಬೋರಿನ ಮೋಟರು. ಆಮೇಲೆ ಹಡಗಿನಲ್ಲಿ ಸರಕು ಸಾಗಿಸುವ ಉಕ್ಕಿನ ಕಂಟೇನರ್ ಒಂದನ್ನು ತಂದು ಸೈಟಿನಲ್ಲಿ ಇಟ್ಟುಕೊಳ್ಳುವುದು ಅಂತಾಯಿತು. ನಾನು ಬೆಂಗಳೂರಿನಲ್ಲಿ ಇರುವವನು. ಹಾಗಾಗಿ ಅದನ್ನು ನೋಡಿ ಖರೀದಿಸುವ ಕೆಲಸ ನನ್ನ ತಲೆಗೆ ಬಿತ್ತು.

ಡಬ್ಬಿ ಸೋರುತ್ತಿಲ್ಲ ಅಂತ ನನಗೆ ಖಾತ್ರಿಯಿತ್ತು. ಯಾಕೆಂದರೆ ಕೊಳ್ಳುವಾಗ ನಾನು ಅದರೊಳಗೆ ಬಂದಿಯಾಗಿದ್ದೆ.

ವೈಟ್‌ಫೀಲ್ಡ್‌ನಲ್ಲಿ ರೈಲಿನ ಮೇಲೆ ಕಂಟೇನರ್‌ಗಳು ಬಂದಿಳಿಯುವ ದೊಡ್ಡ ಡಿಪೋ ಇದೆ. ಆ ಕಡೆಯ ಒಂದು ಯಾರ್ಡ್‌ಗೆ ಹೋಗಿದ್ದೆ. ಹಳೇ ಪೆಟ್ಟಿಗೆ ಕೊಳ್ಳುವಾಗ ಮಾಡಬೇಕಾದ ಮೊದಲ ಪರೀಕ್ಷೆಗೆ ಕಾಸೂ ಬೇಡ, ಸಲಕರಣೆಯೂ ಬೇಡ. ಒಳಗೆ ನಿಂತು ಬಾಗಿಲು ಹಾಕಿಸಿಕೊಳ್ಳಬೇಕು. ಕತ್ತಲಿಗೆ ಕಣ್ಣು ಒಗ್ಗುವವರೆಗೆ ಕಾಯಬೇಕು. ತೂತು ಇದ್ದರೆ ಸೂಜಿಮೊನೆಯಷ್ಟು ಬೆಳಕಾದರೂ ಕಂಡೇ ಕಾಣುತ್ತದೆ. ಬೆಳಕು ಬರುವ ಕಡೆ ನೀರೂ ಬರುತ್ತದೆ. ನನಗೆ ಎಲ್ಲೂ ಬೆಳಕು ಕಾಣಲಿಲ್ಲ. ಖುಷಿಯಾಗಿ ಬಾಗಿಲು ಬಡಿದೆ. ಹುಡುಗ ಹೊರಗಿನಿಂದ ಸರಳು ತಿರುಗಿಸಿ ಟೀ ಕುಡಿಯಲು ಹೋಗಿದ್ದ! ಇದರ ಬಾಗಿಲಿಗೆ ಒಳಗಡೆ ಹಿಡಿಕೆಯೇ ಇರುವುದಿಲ್ಲ. ಸುತ್ತ ಉಕ್ಕಾದ್ದರಿಂದ ಫೋನಿಗೆ ಸಿಗ್ನಲ್ಲೂ ಇಲ್ಲ. ಹತ್ತು ನಿಮಿಷ ಬೆವರಿಳಿಸಿಕೊಂಡು ನಿಂತೆ. ಈ ಪರೀಕ್ಷೆಗೆ ಹೋಗುವವರು ನಂಬಿಕಸ್ಥರೊಬ್ಬರನ್ನು ಹೊರಗೆ ನಿಲ್ಲಿಸಿಯೇ ಹೋಗಿ.

ಹಾಗಾದರೆ ನೀರು ಎಲ್ಲಿಂದ ಬಂತು?

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಅದರ ಒಳಮೈಯಿಂದ ನೀರು ತೊಟ್ಟಿಕ್ಕುತ್ತದೆ, ಅಲ್ವಾ? ಪಾತ್ರೆಯೊಳಗೆ ಮಳೆ ಬಂದಿರುವುದಿಲ್ಲ. ಬಿಸಿ ಗಾಳಿಯಲ್ಲಿದ್ದ ಆವಿ ತಣ್ಣನೆಯ ಲೋಹಕ್ಕೆ ತಗುಲಿ ನೀರಾಗಿರುತ್ತದೆ. ಅಣ್ಣನ ಡಬ್ಬಿಯಲ್ಲಿ ನಡೆದದ್ದೂ ಅದೇ. ಹಡಗಿನವರು ಇದಕ್ಕೆ ಕಂಟೇನರ್ ಮಳೆ ಅನ್ನುತ್ತಾರೆ.

ಒಂದು ಘನ ಮೀಟರ್ ಗಾಳಿ 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ಆವಿಯನ್ನು ಹಿಡಿದುಕೊಳ್ಳಬಲ್ಲದು. ಅದೇ ಗಾಳಿ 14 ಡಿಗ್ರಿಗೆ ತಣಿದರೆ 12 ಗ್ರಾಂ ಹಿಡಿದುಕೊಳ್ಳುವಷ್ಟರಲ್ಲಿ ಸುಸ್ತಾಗುತ್ತದೆ. ಮಿಕ್ಕಿದ್ದನ್ನು ಕೈಬಿಡಲೇಬೇಕು. ಗದಗದ ಕಡೆ ಜನವರಿಯ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ಹೆಚ್ಚುಕಮ್ಮಿ ಇಷ್ಟೇ ಅಂತರ ಇರುತ್ತದೆ. ಜೊತೆಗೆ ಇನ್ನೊಂದು ವಿಷಯವಿದೆ. ಮೋಡವಿಲ್ಲದ ರಾತ್ರಿ ಚಾವಣಿಯ ಉಕ್ಕು ತನ್ನ ಶಾಖವನ್ನು ನೇರ ಆಕಾಶಕ್ಕೆ ಸೂಸುತ್ತಾ, ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಮರದಡಿ ನಿಲ್ಲಿಸಿದ ಬೈಕಿನ ಸೀಟು ಒಣಗಿದ್ದು, ಬಯಲಲ್ಲಿ ನಿಲ್ಲಿಸಿದ ಬೈಕಿನ ಸೀಟು ಮಾತ್ರ ಇಬ್ಬನಿಯಲ್ಲಿ ತೊಯ್ದಿರುತ್ತದಲ್ಲ, ಅದೂ ಇದೇ ಕಾರಣಕ್ಕೆ.

ಇಷ್ಟು ಹೇಳಿ ಫೋನ್ ಇಡಬಹುದಿತ್ತು. ಆದರೆ ಸುಮ್ನೆ ಲೆಕ್ಕ ಹಾಕಿ ನೋಡಿದೆ. 20 ಅಡಿ ಕಂಟೇನರ್‌ನೊಳಗೆ ಸುಮಾರು 33 ಘನ ಮೀಟರ್ ಜಾಗ. 30 ಡಿಗ್ರಿಯ ಗಾಳಿಯಲ್ಲಿ ಅರ್ಧದಷ್ಟು ಆವಿ ತುಂಬಿದೆ ಅಂತಿಟ್ಟುಕೊಂಡರೂ ಒಟ್ಟು ಅರ್ಧ ಲೀಟರ್ ನೀರು. ರಾತ್ರಿ ಅದರಲ್ಲಿ ಇಳಿಯುವುದು 100 ಗ್ರಾಂ, ಅಂದರೆ ಅರ್ಧ ಲೋಟ. ಅರ್ಧ ಲೋಟ ನೀರಿಗೆ ಸಿಮೆಂಟ್ ಚೀಲಗಳು ತೊಯ್ದು ತೊಪ್ಪೆಯಾಗುತ್ತವೆಯೇ? ಲೆಕ್ಕ ಕೂಡಲಿಲ್ಲ.

"ಒಳಗ ಮತ್ತೇನೇನ ಇಟ್ಟಿ?" ಅಂತ ಕೇಳಿದೆ. ವೈರು, ಪೈಪು, ನಲ್ಲಿ ಎಲ್ಲ ಹೇಳಿ ಕೊನೆಗೆ ಅಂದ: "ಸೆಂಟ್ರಿಂಗ್ ಹಲಗಿ ಅದಾವ. ಸ್ಲ್ಯಾಬ್ ಬಿಚ್ಚಿದ್ವಲ್ಲ, ಅವು."

ಸಿಕ್ಕಿತು. ಸ್ಲ್ಯಾಬಿನ ಕೆಳಗೆ ಎರಡು ವಾರ ಕ್ಯೂರಿಂಗ್ ನೀರು ಕುಡಿದ ಹಲಗೆಗಳು ಅವು. ಅಂಥ ಒದ್ದೆ ಹಲಗೆ ನೂರು ಕೆಜಿ ಇದ್ದರೆ ಅದರಲ್ಲಿ ಇಪ್ಪತ್ತು ಲೀಟರಿನಷ್ಟು ನೀರೇ ಇರಬಹುದು. ಹಗಲು ಬಿಸಿಲಿಗೆ ಡಬ್ಬಿ ಕಾಯುತ್ತದೆ, ಹಲಗೆಯ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ರಾತ್ರಿ ಚಾವಣಿಗೆ ಅಂಟಿ, ಹನಿಯಾಗಿ, ಸಿಮೆಂಟಿನ ಮೇಲೆ ಬೀಳುತ್ತದೆ. ಮಾರನೇ ದಿನ ಮತ್ತೆ ಅದೇ ಆಟ. ಹಲಗೆಯಿಂದ ನೀರೆತ್ತಿ ಸಿಮೆಂಟಿಗೆ ಹಾಕುವ ಪಂಪು ಅದು. ಕರೆಂಟೂ ಬೇಡ, ಡೀಸೆಲ್ಲೂ ಬೇಡ.

ಈ ಪೆಟ್ಟಿಗೆಯ ಗುಣವೇ ಇಲ್ಲಿ ದೋಷವಾಗುತ್ತದೆ. ಸಮುದ್ರದ ಅಲೆ ಒಳಗೆ ಬರಬಾರದು ಅಂತ ಬಾಗಿಲಿನ ಸುತ್ತ ರಬ್ಬರ್ ಕೂರಿಸಿ ಮಾಡಿದ ವಸ್ತು ಇದು. ಹೊರಗಿನ ನೀರು ಒಳಗೆ ಬರುವುದಿಲ್ಲ, ಒಳಗಿನ ನೀರು ಹೊರಗೂ ಹೋಗುವುದಿಲ್ಲ. ಗೋಡೆಯ ಮೇಲ್ತುದಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಗಾಳಿಕಿಂಡಿಗಳೇನೋ ಇರುತ್ತವೆ. ಆದರೆ ಅವು ಒಳಹೊರಗಿನ ಗಾಳಿಯ ಒತ್ತಡ ಸಮ ಮಾಡಿಕೊಳ್ಳುವುದಕ್ಕೆ ಇರುವಂಥವು. ಒದ್ದೆ ಸಾಮಾನು ಒಣಗಿಸುವಷ್ಟು ಗಾಳಿ ಅವುಗಳಿಂದ ಆಡುವುದಿಲ್ಲ.

ಹಲಗೆಗಳು ಹೊರಗೆ ಬಂದವು. ಸಿಮೆಂಟ್ ಚೀಲಗಳನ್ನು ಗೋಡೆಗೆ ತಾಗದಂತೆ ಒಳಸರಿಸಿ, ಮೇಲೆ ತಾಡಪಾಲು ಹೊದಿಸಿದ್ದಾಯಿತು. ಕಾರ್ಖಾನೆಗಳ ಮೇಲೆ ಗಾಳಿಗೆ ಗರಗರ ತಿರುಗುವ ಟರ್ಬೋ ವೆಂಟಿಲೇಟರ್ ನೋಡಿರುತ್ತೀರಿ, ಅದನ್ನೂ ಒಂದು ಕೂರಿಸಬಹುದು. ಆದರೆ ಚಾವಣಿಗೆ ತೂತು ಕೊರೆದರೆ ಸೋರುವ ಜಾಗ ಒಂದನ್ನು ನಾವೇ ಮಾಡಿದಂತೆ. ನನ್ನ ಮಟ್ಟಿಗೆ ಪೆಟ್ಟಿಗೆಯ ಮೇಲೆ ಒಂದಡಿ ಸಂದು ಬಿಟ್ಟು ಚಪ್ಪರ ಹಾಕುವುದೇ ಒಳ್ಳೇದು. ಗದಗದ ಕಡೆ ಪತ್ರಾಸ್ ಅನ್ನುವ ತಗಡು ಸಾಕು. ನಡುಮಧ್ಯಾಹ್ನ ಪ್ರತಿ ಚದರ ಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್ ಬಿಸಿಲು ಬೀಳುತ್ತದೆ. 20 ಅಡಿ ಪೆಟ್ಟಿಗೆಯ ಚಾವಣಿಗೆ ಅದು 14 ಕಿಲೋವ್ಯಾಟ್ ದಾಟುತ್ತದೆ, ದೊಡ್ಡ ಗೀಸರ್ ಏಳು ಒಟ್ಟಿಗೆ ಹಚ್ಚಿದ ಹಾಗೆ. ಆ ಬಿಸಿಲನ್ನು ಚಪ್ಪರ ತಡೆಯುತ್ತದೆ. ರಾತ್ರಿ ಚಾವಣಿಗೂ ಆಕಾಶಕ್ಕೂ ನಡುವೆ ನಿಂತು, ಅದು ಅತಿಯಾಗಿ ತಣಿಯುವುದನ್ನೂ ತಡೆಯುತ್ತದೆ.

ತೊಯ್ದ ಸಿಮೆಂಟಿನ ಕತೆ ಇರಲಿ. ಅದಕ್ಕಿಂತ ಜಾಸ್ತಿ ತಲೆನೋವು ಕೊಟ್ಟದ್ದು ಬಾಗಿಲು. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಬಲಗಡೆ ಬಾಗಿಲು ತೆಗೆಯಲು ಇಬ್ಬರು ಬೇಕಾಗುತ್ತಿತ್ತು. ಅಣ್ಣ ಬಾಗಿಲಿನ ಕೀಲುಗಳಿಗೆ ಗ್ರೀಸ್ ಹಾಕಿದ, ಎಣ್ಣೆ ಹಾಕಿದ, ಕೊನೆಗೆ ಸುತ್ತಿಗೆಯಿಂದ ಹೊಡೆದ. ತಪ್ಪು ಕೀಲಿನದಾಗಿರಲಿಲ್ಲ. ನೆಲದ್ದಾಗಿತ್ತು.

ಕಂಟೇನರ್‌ನ ಬಲ ಗೋಡೆಯಲ್ಲಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಪಕ್ಕದ ಗೋಡೆ ಬರೀ 1.6 ಮಿಲಿಮೀಟರ್ ತಗಡು. ಬೀಸಣಿಗೆಯ ಹಾಗೆ ಮಡಿಕೆ ಮಾಡಿರುವುದರಿಂದ ಅದು ಬಾಗದೆ ನಿಂತಿರುತ್ತದೆ, ಅಷ್ಟೇ. ಭಾರ ಹೊರುವುದು ನಾಲ್ಕು ಮೂಲೆಯ ಕಂಬಗಳು. ಅವುಗಳ ಮೇಲೂ ಕೆಳಗೂ ಮುಷ್ಟಿ ತೂರುವಷ್ಟು ಕಿಂಡಿಯಿರುವ ದಪ್ಪ ಉಕ್ಕಿನ ಎರಕದ ತುಂಡುಗಳಿರುತ್ತವೆ. ಕ್ರೇನು ಹಿಡಿಯುವುದು, ಲಾರಿ ಬಿಗಿಯುವುದು, ಹಡಗಿನಲ್ಲಿ ಒಂದರ ಮೇಲೊಂದು ಕೂರಿಸುವುದು, ಎಲ್ಲವೂ ಈ ಎಂಟು ತುಂಡುಗಳಿಂದಲೇ. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಲಾರಿ ಮಾಲೀಕ ಮಾಲ್ಕಮ್ ಮೆಕ್ಲೀನ್ 'ಐಡಿಯಲ್ ಎಕ್ಸ್' ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಸಾಗಿಸಿದ. ಪೆಟ್ಟಿಗೆಯಲ್ಲಿ ಸಾಮಾನು ತುಂಬುವುದು ಹೊಸದೇನಲ್ಲ. ಅವನ ಎಂಜಿನಿಯರ್ ಕೀತ್ ಟ್ಯಾಂಟ್ಲಿಂಗರ್ ರೂಪಿಸಿದ ಮೂಲೆಯ ತುಂಡು ಮತ್ತು ತಿರುಗುವ ಬೀಗ ಹೊಸದು.

ಬಾಗಿಲಿನ ಮೇಲೆ ಒಂದು ಲೋಹದ ಫಲಕ ಇರುತ್ತದೆ. ಕಂಟೇನರ್ ಸುರಕ್ಷತೆಗಾಗಿ 1972ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಾಕಿದ್ದು. ನಾವು ಕೊಂಡದ್ದರಲ್ಲಿ, ಮೇಲೆ ಪೇರಿಸಬಹುದಾದ ಭಾರ 1,92,000 ಕೆಜಿ ಅಂತಿತ್ತು. ತಲಾ 24 ಟನ್ ತೂಗುವ ಎಂಟು ತುಂಬಿದ ಪೆಟ್ಟಿಗೆಗಳು! ಅಷ್ಟನ್ನೂ ಮೂಲೆಗಳೇ ಹೊರುತ್ತವೆ.

ಈಗ ಅಣ್ಣನ ಹೊಲಕ್ಕೆ ಬನ್ನಿ. ಖಾಲಿ ಡಬ್ಬಿಯ ತೂಕ 2.3 ಟನ್ ಆಸುಪಾಸು. ಅದರೊಳಗೆ 50 ಕೆಜಿಯ ಇನ್ನೂರು ಚೀಲ ಸಿಮೆಂಟ್ ಅಂದರೆ ಇನ್ನೂ ಹತ್ತು ಟನ್. ಒಂದೊಂದು ಮೂಲೆಯ ಪಾಲಿಗೆ ಮೂರು ಟನ್ ಬಂತು. ಕೆಳಗೆ ನಾಲ್ಕು ಸೈಜುಗಲ್ಲು, ಅದರ ಕೆಳಗೆ ಎರೆಮಣ್ಣು. ಎರೆಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಒಂದು ಮೂಲೆಯ ಹತ್ತಿರ ಕ್ಯೂರಿಂಗ್ ನೀರು ಹರಿದು ನಿಲ್ಲುತ್ತಿತ್ತು. ಆ ಮೂಲೆ ಎದ್ದಿತು. ಉಳಿದ ಮೂರು ಏಳಲಿಲ್ಲ.

ಬೆಂಕಿಪೊಟ್ಟಣದ ಒಳಗಿನ ಗೂಡು ತೆಗೆದು ಹೊರಗಿನ ತೋಳನ್ನಷ್ಟೇ ಹಿಂಡಿ ನೋಡಿ. ಚೌಕ ವಾರೆಯಾಗುತ್ತದೆ. ಕಂಟೇನರ್‌ನ ಬಾಗಿಲಿನ ಕಡೆಯ ತುದಿಯೂ ಹಾಗೇ. ಉಳಿದ ಮೂರು ಕಡೆ ಮಡಿಕೆ ತಗಡು ಬೆಸೆದು ಚೌಕಟ್ಟನ್ನು ಬಿಗಿಹಿಡಿದಿದೆ. ಬಾಗಿಲಿನ ಕಡೆ ಹಿಡಿಯುವವರಿಲ್ಲ. ಹಾಗಾಗಿ ನೆಲ ಎಲ್ಲಿ ಅಲುಗಿದರೂ ಫಿರ್ಯಾದು ಬರುವುದು ಬಾಗಿಲಿಂದ. ಎರಡು ಬಾಗಿಲುಗಳ ಮೇಲಂಚು ಒಂದೇ ಮಟ್ಟದಲ್ಲಿಲ್ಲದೆ ಒಂದು ಮೇಲೆ, ಇನ್ನೊಂದು ಕೆಳಗೆ ಕಂಡರೆ ಕೀಲುಗಳಿಗೆ ಎಣ್ಣೆ ಹಾಕಬೇಡಿ, ಮೂಲೆಗಳಿಗೆ ಮಟ್ಟ ಹಿಡಿದು ನೋಡಿ.

ಸಿಮೆಂಟೆಲ್ಲ ಹೊರಗಿಟ್ಟು, ಹೈಡ್ರಾ ಕ್ರೇನು ತರಿಸಿ ಡಬ್ಬಿ ಎತ್ತಿಸಿ, ಎರೆಮಣ್ಣು ಮೂರಡಿ ತೆಗೆದು, ಗರಸು ತುಂಬಿ ಕುಟ್ಟಿಸಿ ಮತ್ತೆ ಕೂರಿಸಿದ್ದಾಯಿತು. ಬಾಗಿಲು ಒಂದೇ ಕೈಯಲ್ಲಿ ತೆಗೆಯಿತು. ಸುತ್ತಿಗೆ ಪೆಟ್ಟಿನ ಗುರುತು ಮಾತ್ರ ಹಾಗೇ ಇದೆ.

ತುಕ್ಕಿನ ಬಗ್ಗೆ ಕೇಳುವವರು ಜಾಸ್ತಿ. ಇದು ಮಾಮೂಲಿ ಕಬ್ಬಿಣವಲ್ಲ, ತಾಮ್ರ, ಕ್ರೋಮಿಯಂ ಸ್ವಲ್ಪ ಸ್ವಲ್ಪ ಬೆರೆತ ಕಾರ್ಟೆನ್ ಜಾತಿಯ ಉಕ್ಕು. ಇದರ ಮೇಲೆ ಬರುವ ತುಕ್ಕು ಪದರ ಪದರವಾಗಿ ಉದುರದೆ ಗಟ್ಟಿಯಾಗಿ ಕೂತು, ಒಳಗಿನ ಲೋಹವನ್ನು ಕಾಯುತ್ತದೆ. ಒಂದೇ ಷರತ್ತು: ತೊಯ್ದು ಒಣಗುತ್ತಿರಬೇಕು. ಚಾವಣಿಯ ತಗ್ಗಿನಲ್ಲಿ ನೀರು, ಎಲೆ ನಿಂತರೆ, ಅಡಿ ಮಣ್ಣಿಗೆ ತಾಗಿದರೆ ಇದೂ ತೂತಾಗುತ್ತದೆ. ಮಂಗಳೂರಿನಂಥ ಉಪ್ಪು ಗಾಳಿಯ ಊರಲ್ಲಿ ಬಣ್ಣವೇ ಗತಿ. ಯಾರ್ಡ್‌ನಲ್ಲಿ ಥಳಥಳ ಹೊಸ ಬಣ್ಣದ ಹಳೇ ಪೆಟ್ಟಿಗೆ ಕಂಡರೆ ನಾನು ಅನುಮಾನಪಡುತ್ತೇನೆ. ಬಗ್ಗಿ ಅಡಿಯ ಅಡ್ಡತೊಲೆಗಳನ್ನು ನೋಡಿ, ಅಲ್ಲಿ ಬಣ್ಣ ಹೊಡೆಯುವ ತೊಂದರೆ ಯಾರೂ ತಗೊಳ್ಳುವುದಿಲ್ಲ. ಸುಂಕ ಕಟ್ಟಿದ ಕಾಗದವನ್ನೂ ಕೇಳಿ ಪಡೆಯಿರಿ. ಬೇರೆ ದೇಶದಿಂದ ಬರುವ ಪೆಟ್ಟಿಗೆಗಳು ವಾಪಸ್ ಹೋಗುತ್ತೇವೆ ಅನ್ನುವ ಕರಾರಿನ ಮೇಲೆ ಸುಂಕವಿಲ್ಲದೆ ಒಳಗೆ ಬಂದಿರುತ್ತವೆ.

ಮೊನ್ನೆ ಮನೆ ಮುಗಿಯಿತು. ಗೃಹಪ್ರವೇಶದ ಊಟ ಆದಮೇಲೆ ಅಣ್ಣ ಹೊಸ ಯೋಜನೆ ತೆಗೆದ. "ಇದನ್ನ ಹಗೇವಿನಂಗ ನೆಲದಾಗ ಹೂತು ಜೋಳ ತುಂಬಿದರ? ತಂಪಿರತೈತಿ, ಕಳ್ಳರ ಕಾಟಾನೂ ಇಲ್ಲ."

ಹಗೇವು ಅಂದರೆ ನಮ್ಮ ಕಡೆ ಕಾಳು ಕೂಡಿಡಲು ನೆಲದೊಳಗೆ ತೋಡುತ್ತಿದ್ದ ಗುಂಡನೆಯ ಕಣಜ. ಗುಂಡಗಿದ್ದುದರಿಂದ ಮಣ್ಣು ಎಲ್ಲ ಕಡೆಯಿಂದ ಒತ್ತಿದರೂ ಅದು ಕುಸಿಯದೆ ನಿಲ್ಲುತ್ತಿತ್ತು. ಚಪ್ಪಟೆ ಗೋಡೆಗೆ ಆ ಅನುಕೂಲವಿಲ್ಲ. ಎಂಟೂವರೆ ಅಡಿ ಆಳದಲ್ಲಿ ಒದ್ದೆ ಮಣ್ಣು ಗೋಡೆಯ ಬುಡವನ್ನು ಚದರ ಮೀಟರಿಗೆ ಎರಡು ಟನ್ನಿನ ಹತ್ತಿರ ಒತ್ತುತ್ತದೆ. ಎರೆಮಣ್ಣು ಉಬ್ಬಿದರೆ ಇನ್ನೂ ಜಾಸ್ತಿ. ಚಾವಣಿಯ ಮೇಲೆ ಒಂದೇ ಅಡಿ ಮಣ್ಣು ಹಾಕಿದರೂ ಏಳು ಟನ್ ಆಗುತ್ತದೆ. ಆ ಚಾವಣಿಯನ್ನು ಪರೀಕ್ಷೆ ಮಾಡಿರುವುದು ಮೇಲೆ ಓಡಾಡುವ ಕೆಲಸಗಾರರ ಲೆಕ್ಕದಲ್ಲಿ, 300 ಕೆಜಿಗೆ.

ಇನ್ನು ಜೋಳ. ಅವನನ್ನು ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ಫಲಕದ ಕೆಳಗಿನ ಸಣ್ಣ ಸಾಲು ತೋರಿಸಿದೆ. ಫಾಕ್ಸಿಮ್ ಅಂತ ಬರೆದಿತ್ತು. ನೆಲಕ್ಕೆ ಹಾಸಿರುವ 28 ಮಿಲಿಮೀಟರ್ ಪ್ಲೈವುಡ್‌ಗೆ ಉಣಿಸಿದ ಕೀಟನಾಶಕದ ಹೆಸರು ಅದು. ಒಂದು ದೇಶದ ಹುಳ ಹಲಗೆಯೊಳಗೆ ಕೂತು ಇನ್ನೊಂದು ದೇಶಕ್ಕೆ ಹೋಗಬಾರದು ಅಂತ ಹಾಕುತ್ತಾರೆ.

ಅಣ್ಣ ಆ ಸಾಲನ್ನು ಬೆರಳಿಟ್ಟು ಅಕ್ಷರ ಅಕ್ಷರ ಓದಿದ. ಒಂದು ವರ್ಷ ದಿನಾ ಆ ಬಾಗಿಲು ತೆಗೆದಿದ್ದಾನೆ, ಒಮ್ಮೆಯೂ ಅದರ ಮೇಲೆ ಕಣ್ಣು ಬಿದ್ದಿರಲಿಲ್ಲ. "ಹಂಗಾರ ಇದರಾಗ ಬರೇ ಪೈಪು, ಮೋಟರು" ಅಂದವನೇ, ಒಳಗೆ ಹೋಗಿ ಮೂಲೆಯಲ್ಲಿ ಮುಚ್ಚಿಟ್ಟಿದ್ದ ಬೀಜದ ಶೇಂಗಾ ಚೀಲ ಎರಡನ್ನು ಹೊತ್ತು ತಂದ.