ಮೆರ್ಟ್ಸನ್ ಬೇರೆ, ಫೆಸ್ಟ್‌ಬಿಯರ್ ಬೇರೆ

ಸೆಪ್ಟೆಂಬರ್ ಹತ್ತಿರ ಬಂತೆಂದರೆ ಜರ್ಮನಿಯ ಮ್ಯೂನಿಕ್‌ನ ಅಂಗಡಿಗಳಲ್ಲಿ ಅಕ್ಟೋಬರ್‌ಫೆಸ್ಟ್ ಎಂಬ ಇಲ್ಲಿನ ಬಿಯರ್ ಹಬ್ಬದ ಬಿಯರ್‌ಗಳು ಬಂದು ಕೂರುತ್ತವೆ. ನನಗೆ ಬರುವ ಫೋನುಗಳೂ ಆಗಲೇ ಜಾಸ್ತಿಯಾಗುತ್ತವೆ. ಬಿಯರ್ ತಯಾರಿಸುವುದು, ಅದರ ರುಚಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಅದು ಗೊತ್ತಿರುವ ಇಲ್ಲಿನ ಕನ್ನಡದ ಗೆಳೆಯರು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಸರ್, ಐದಾರು ಥರ ತಂದಿದ್ದೀವಿ. ಮನೇಲೇ ಕೂತು ಹೋಲಿಸಿ ನೋಡ್ಬೇಕು. ಹೇಗೆ ಮಾಡೋದು?"

ಖಂಡಿತ ಮಾಡಬಹುದು. ಆದರೆ ಮುಚ್ಚಳ ತೆಗೆಯುವ ಮೊದಲು ಒಂದು ಕೆಲಸವಿದೆ. ಬಾಟಲಿಗಳನ್ನು ಎರಡು ಗುಂಪು ಮಾಡಿ. ತಾಮ್ರದ ಬಣ್ಣದ ಮೆರ್ಟ್ಸನ್ ಒಂದು ಕಡೆ, ಹೊಂಬಣ್ಣದ ಫೆಸ್ಟ್‌ಬಿಯರ್ ಇನ್ನೊಂದು ಕಡೆ. ಎರಡರ ಮೇಲೂ ‘ಅಕ್ಟೋಬರ್‌ಫೆಸ್ಟ್’ ಎಂದು ಬರೆದಿರಬಹುದು. ಹಾಗಂತ ಎರಡೂ ಒಂದೇ ಬಿಯರ್ ಅಲ್ಲ. ಇವೆರಡನ್ನೂ ಒಟ್ಟಿಗೇ ಸಾಲಾಗಿಟ್ಟು ಅಂಕ ಕೊಟ್ಟರೆ, ಕೊಟ್ಟವರಿಗೆ ಗಾಢ ರುಚಿ ಇಷ್ಟವೋ ತಿಳಿ ರುಚಿ ಇಷ್ಟವೋ ಅನ್ನುವುದಷ್ಟೇ ಗೊತ್ತಾಗುತ್ತದೆ. ಯಾರು ಚೆನ್ನಾಗಿ ಬಿಯರ್ ಮಾಡಿದ್ದಾರೆ ಅನ್ನುವುದು ಗೊತ್ತಾಗುವುದಿಲ್ಲ.

ಒಂದೇ ಹೆಸರಿನಲ್ಲಿ ಎರಡು ಬಿಯರ್ ಹೇಗೆ ಬಂದವು? ಬವೇರಿಯದಲ್ಲಿ 1553ರ ಒಂದು ಕಟ್ಟಳೆ ಬೇಸಿಗೆಯಲ್ಲಿ ಬಿಯರ್ ಕಾಯಿಸುವುದನ್ನೇ ನಿಲ್ಲಿಸಿತ್ತು. ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜನ ಹಬ್ಬದವರೆಗೆ ಮಾತ್ರ ಅನುಮತಿ. ಸೆಖೆಯಲ್ಲಿ ಮಾಡಿದ ಬಿಯರ್ ಬೇಗ ಕೆಡುತ್ತಿತ್ತು, ಬೆಂಕಿ ಅನಾಹುತದ ಭಯವೂ ಇತ್ತು. ಹಾಗಾಗಿ ಮಾರ್ಚ್‌ನಲ್ಲೇ ಸ್ವಲ್ಪ ಗಟ್ಟಿಯಾದ ಬಿಯರ್ ಮಾಡಿ, ತಣ್ಣನೆಯ ನೆಲಮಾಳಿಗೆಯಲ್ಲಿಟ್ಟು ಬೇಸಿಗೆ ದಾಟಿಸುತ್ತಿದ್ದರು. ಮಾರ್ಚ್‌ಗೆ ಜರ್ಮನ್‌ನಲ್ಲಿ ಮೆರ್ಟ್ಸ್, ಆ ಬಿಯರ್ ಮೆರ್ಟ್ಸನ್. ಹೊಸ ಬಿಯರ್ ತುಂಬಲು ಪೀಪಾಯಿ ಬೇಕಲ್ವಾ? ಉಳಿದ ಮೆರ್ಟ್ಸನ್ ಶರತ್ಕಾಲದೊಳಗೆ ಮುಗಿಯಲೇಬೇಕಿತ್ತು.

ಅಕ್ಟೋಬರ್‌ಫೆಸ್ಟ್ ಶುರುವಾಗಿದ್ದು 1810ರಲ್ಲಿ, ಯುವರಾಜ ಲುಡ್ವಿಗ್ ಮತ್ತು ತೆರೇಸೆಯ ಮದುವೆಯ ಸಂಭ್ರಮದಲ್ಲಿ. ಆದರೆ ಇಂದು ನಾವು ಮೆರ್ಟ್ಸನ್ ಎಂದು ಗುರುತಿಸುವ ತಾಮ್ರ ಬಣ್ಣದ ಬಿಯರ್ ಹಬ್ಬದ ಮೈದಾನಕ್ಕೆ ಬಂದದ್ದು 1872ರಲ್ಲಿ. ಫ್ರಾನ್ಸಿಸ್ಕಾನರ್ ಬ್ರೂವರಿಯ ಯೋಸೆಫ್ ಸೆಡ್ಲ್‌ಮಯರ್ ವಿಯೆನ್ನಾ ರೀತಿಯಲ್ಲಿ ಮಾಡಿದ್ದ ಮೆರ್ಟ್ಸನ್ ಆ ವರ್ಷ ಶೊಟ್ಟನ್‌ಹಾಮೆಲ್ ಎಂಬ ಬಿಯರ್ ಬಿಡಾರದಲ್ಲಿ ಮಾರಾಟವಾಯಿತು. ಅದೇ ಮುಂದಿನ ನೂರು ವರ್ಷದ ಮಾದರಿಯಾಯಿತು. 1970ರ ದಶಕದಲ್ಲಿ ಪೌಲಾನರ್ ಇದಕ್ಕಿಂತ ತಿಳಿಯಾದ, ಸಲೀಸಾಗಿ ಕುಡಿಯಬಹುದಾದ ಹೊಂಬಣ್ಣದ ಹಬ್ಬದ ಬಿಯರ್ ಮಾಡಿತು. ಒಂದು ಲೀಟರ್ ಮಗ್ ಕುಡಿದವರು ಇನ್ನೊಂದು ಕೇಳಬೇಕಲ್ವಾ, ತಾಮ್ರ ಬಣ್ಣದ ಬಿಯರ್ ಹೊಟ್ಟೆ ತುಂಬಿಸಿಬಿಡುತ್ತಿತ್ತು. ಉಳಿದವರೂ ಅದೇ ದಾರಿ ಹಿಡಿದರು. ಇಂದು ಆ ಮೈದಾನದಲ್ಲಿ ಮ್ಯೂನಿಕ್ ನಗರದ ಆರು ಬ್ರೂವರಿಗಳದ್ದು ಮಾತ್ರ ಸಿಗುತ್ತದೆ: ಔಗುಸ್ಟಿನರ್, ಹಾಕರ್-ಪ್ಶೋರ್, ಹೋಫ್‌ಬ್ರಾಯ್, ಲೋವೆನ್‌ಬ್ರಾಯ್, ಪೌಲಾನರ್, ಶ್ಪಾಟನ್. ಎಲ್ಲವೂ ಹೊಂಬಣ್ಣದವೇ.

ಹಾಗಾದರೆ ಹಳೆಯ ಮೆರ್ಟ್ಸನ್ ಎಲ್ಲಿ ಹೋಯಿತು? ಅಮೆರಿಕಕ್ಕೆ ಹೋಗುವ ಬಾಟಲಿಗಳಲ್ಲಿ ಉಳಿಯಿತು. ಪೌಲಾನರ್ ಇಲ್ಲಿನ ಬಿಡಾರದಲ್ಲಿ ಹೊಂಬಣ್ಣದ್ದನ್ನು ಸುರಿಯುತ್ತದೆ, ಅಮೆರಿಕಕ್ಕೆ ತಾಮ್ರ ಬಣ್ಣದ ಮೆರ್ಟ್ಸನ್ ಕಳಿಸುತ್ತದೆ. ಮ್ಯೂನಿಕ್ ಹೊರಗಿನ ಊರುಗಳಲ್ಲೂ ಉಳಿದಿದೆ. ಆಯಿಂಗ್ ಎಂಬ ಹಳ್ಳಿಯ ಆಯಿಂಗರ್ ಮೆರ್ಟ್ಸನ್ ನನ್ನ ಮಟ್ಟಿಗೆ ಈ ಗುಂಪಿನ ಅಳತೆಗೋಲು. ನಗರದ ಗಡಿಯಾಚೆ ಇರುವುದರಿಂದ ಹಬ್ಬದ ಮೈದಾನದಲ್ಲಿ ಅದಕ್ಕೆ ಜಾಗವಿಲ್ಲ. ಬಿಯರ್ ಸ್ಪರ್ಧೆಗಳ ತೀರ್ಪುಗಾರರು ಬಳಸುವ ಬಿಜೆಸಿಪಿ ಕೈಪಿಡಿ 2015ರಿಂದ ಇವೆರಡನ್ನೂ ಬೇರೆ ಬೇರೆ ಬಗೆಯೆಂದೇ ಪಟ್ಟಿ ಮಾಡಿದೆ. ಆಲ್ಕೋಹಾಲ್ ಎರಡರಲ್ಲೂ ಶೇ. 6ರ ಆಸುಪಾಸು, ಕಹಿಯೂ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸವೆಲ್ಲ ಮಾಲ್ಟ್‌ನಲ್ಲಿದೆ.

ಈ ಮಾಲ್ಟ್ ವಿಷಯ ನಮಗೆ ಹೊಸದೇನಲ್ಲ. ರಾಗಿ ನೆನೆಹಾಕಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಲ್ಟ್ ಮಾಡುತ್ತೇವಲ್ಲ, ಬಾರ್ಲಿಗೂ ಅದೇ ಉಪಚಾರ. ಮೊಳಕೆ ಬಂದ ಬಾರ್ಲಿಯನ್ನು ಕಡಿಮೆ ಬಿಸಿಯಲ್ಲಿ ಒಣಗಿಸಿದರೆ ಪಿಲ್ಸ್ನರ್ ಮಾಲ್ಟ್. ಬಿಸಿ ಇನ್ನೂ ಏರಿಸಿದರೆ ಮೊದಲು ವಿಯೆನ್ನಾ ಮಾಲ್ಟ್, ಆಮೇಲೆ ಮ್ಯೂನಿಕ್ ಮಾಲ್ಟ್. ಕ್ಯಾರಮೆಲ್ ಮಾಲ್ಟ್‌ನದು ಬೇರೆಯೇ ದಾರಿ. ಕಾಳು ಒದ್ದೆಯಿರುವಾಗಲೇ ಬಿಸಿ ಕೊಟ್ಟು, ಒಳಗಿನ ಪಿಷ್ಟವನ್ನು ಸಕ್ಕರೆಯಾಗಿಸಿ, ಆಮೇಲೆ ಹುರಿಯುತ್ತಾರೆ. ಮನೆಯಲ್ಲಿ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿ ಹತ್ತಿರವಿದ್ದರೆ ಮ್ಯೂನಿಕ್ ಮಾಲ್ಟ್ ಮತ್ತು ಕ್ಯಾರಮೆಲ್ ಮಾಲ್ಟ್ ಒಂದೊಂದು ಹಿಡಿ ತನ್ನಿ. ಒಂದು ಕಾಳು ಬಾಯಿಗೆ ಹಾಕಿ ನಿಧಾನವಾಗಿ ಅಗಿಯಿರಿ. ಮ್ಯೂನಿಕ್ ಮಾಲ್ಟ್ ಹಲ್ಲಿಗೆ ಸಿಕ್ಕಿದ ತಕ್ಷಣ ಹಿಟ್ಟಾಗುತ್ತದೆ. ಆಗತಾನೇ ಬೆಂದ ಬ್ರೆಡ್ಡಿನ ಕಂದು ಅಂಚಿನ ಘಮ ಮೂಗಿಗೆ ಬರುತ್ತದೆ, ಸಿಹಿ ತೀರಾ ಕಡಿಮೆ. ಕ್ಯಾರಮೆಲ್ ಮಾಲ್ಟ್ ಗಾಜಿನ ಚೂರಿನಂತೆ ಕಟುಂ ಎನ್ನುತ್ತದೆ, ಟಾಫಿಯ ಸಿಹಿ ನಾಲಿಗೆಗೆ ಅಂಟಿಕೊಳ್ಳುತ್ತದೆ. ಈ ಎರಡು ರುಚಿ ಬೇರೆ ಬೇರೆಯಾಗಿ ನೆನಪಿದ್ದರೆ ಮೆರ್ಟ್ಸನ್ ಹೋಲಿಸುವ ಕೆಲಸ ಅರ್ಧ ಮುಗಿದಂತೆ.

ಯಾಕೆಂದರೆ ಮನೆಯಲ್ಲಿ ರುಚಿ ನೋಡುವವರು ಎಡವುವುದು ಇಲ್ಲೇ. ಸಿಹಿಯಾಗಿದ್ದರೆ ‘ಮಾಲ್ಟ್ ಚೆನ್ನಾಗಿದೆ’ ಎಂದುಬಿಡುತ್ತಾರೆ. ಒಳ್ಳೆಯ ಮೆರ್ಟ್ಸನ್ ಮೂಗಿಗೆ ಬ್ರೆಡ್, ನಾಲಿಗೆಯ ನಡುವಿಗೆ ದುಂಡನೆಯ ಮಾಲ್ಟ್, ಆದರೆ ನುಂಗಿದ ಮೇಲೆ ಬಾಯಿ ಒಣ. ಯೀಸ್ಟ್ ತನ್ನ ಪಾಲಿನ ಸಕ್ಕರೆಯನ್ನು ಪೂರ್ತಿ ತಿಂದಿದ್ದರೆ ಮಾತ್ರ ಹಾಗಾಗುತ್ತದೆ. ಎದ್ದು ಕಾಣುವ ಕ್ಯಾರಮೆಲ್ ಸಿಹಿ ಈ ಬಗೆಗೆ ಹೊಂದುವುದಿಲ್ಲ ಎಂದು ಬಿಜೆಸಿಪಿ ಕೈಪಿಡಿಯೇ ಹೇಳುತ್ತದೆ. ಅಮೆರಿಕದ ಎಷ್ಟೋ ಸಣ್ಣ ಬ್ರೂವರಿಗಳ ಅಕ್ಟೋಬರ್‌ಫೆಸ್ಟ್ ಬಿಯರ್‌ಗಳಲ್ಲಿ ಈ ಕ್ಯಾರಮೆಲ್ ಜಾಸ್ತಿ. ಮೊದಲ ಗುಟುಕಿಗೆ ಅವೇ ಗೆಲ್ಲುತ್ತವೆ, ನಾಲ್ಕನೆಯದಕ್ಕೆ ಸಾಕು ಅನ್ನಿಸುತ್ತವೆ. ಅದಕ್ಕೇ ಅಂಕವನ್ನು ಮೊದಲ ಗುಟುಕಿಗೆ ಕೊಡಬೇಡಿ. ಲೋಟ ಅರ್ಧ ಖಾಲಿಯಾದ ಮೇಲೆ ಬರೆಯಿರಿ.

ಇನ್ನು ಏರ್ಪಾಡು. ಒಂದು ಸುತ್ತಿಗೆ ನಾಲ್ಕೈದು ಬಿಯರ್ ಸಾಕು, ಒಬ್ಬೊಬ್ಬರಿಗೆ 100 ಮಿ.ಲೀ. ಅಷ್ಟು. ಫ್ರಿಜ್‌ನಿಂದ ತೆಗೆದು ಹತ್ತು-ಹದಿನೈದು ನಿಮಿಷ ಬಿಡಿ, 8-9 ಡಿಗ್ರಿಗೆ ಬರಲಿ. ಐಸ್‌ನಂತೆ ತಣ್ಣಗಿದ್ದರೆ ಮಾಲ್ಟ್‌ನ ಘಮ ಏಳುವುದೇ ಇಲ್ಲ. ಲೋಟದಲ್ಲಿ ಸೋಪಿನ ಅಂಶ ಉಳಿದಿರಬಾರದು, ನೊರೆ ಕೂತುಬಿಡುತ್ತದೆ. ಒಬ್ಬರು ಅಡುಗೆಮನೆಯಲ್ಲಿ ಸುರಿದು, ಲೋಟದ ಅಡಿಗೆ ನಂಬರ್ ಅಂಟಿಸಿ ತರಲಿ. ಸುರಿದವರು ಆ ಸುತ್ತಿನಲ್ಲಿ ಅಂಕ ಕೊಡಬಾರದು. ಮೆರ್ಟ್ಸನ್‌ಗಳಲ್ಲೇ ಬಣ್ಣದ ವ್ಯತ್ಯಾಸವಿರುತ್ತದೆ. ಕಣ್ಣಿಗೆ ಕಂದು ಬಿತ್ತೆಂದರೆ ನಾಲಿಗೆ ತಾನಾಗಿ ‘ಕ್ಯಾರಮೆಲ್’ ಅನ್ನುತ್ತದೆ. ಇದಕ್ಕೆ ನಮ್ಮ ಮನೆಗಳಲ್ಲೇ ಪರಿಹಾರವಿದೆ: ಸ್ಟೀಲ್ ಲೋಟ. ಮೊದಲ ಸುತ್ತು ಅದರಲ್ಲಿ, ದೀಪ ಸ್ವಲ್ಪ ಮಂದ ಮಾಡಿ. ಬಣ್ಣ, ನೊರೆ ನೋಡಲು ಆಮೇಲೆ ಗಾಜಿನ ಲೋಟ ಬರಲಿ. ಮಧ್ಯೆ ನೀರು, ಸಪ್ಪೆ ಬ್ರೆಡ್ ಅಷ್ಟೇ. ಕೋಡುಬಳೆ, ಖಾರ ಬೂಂದಿ ಅಂಕ ಬರೆದು ಮುಗಿಯುವವರೆಗೆ ಡಬ್ಬಿಯಲ್ಲೇ ಇರಲಿ. ಕಾರು ತಂದವರು ರುಚಿ ನೋಡುವ ಸಾಲಿನಲ್ಲಿ ಕೂರಬಾರದು.

ದೋಷಗಳನ್ನು ಗುರುತಿಸಲು ನಾಲ್ಕು ವಾಸನೆ ಗೊತ್ತಿದ್ದರೆ ಸಾಕು. ಬೆಣ್ಣೆಯ ವಾಸನೆ ಬಂದರೆ ಡೈಅಸಿಟೈಲ್ ಎಂಬ ರಾಸಾಯನಿಕ, ಬಿಯರ್ ಮಾಗುವ ಮೊದಲೇ ಯೀಸ್ಟ್‌ನಿಂದ ಬೇರೆಯಾಗಿದೆ ಎಂದರ್ಥ. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಡಿಎಂಎಸ್ ಎಂಬ ಗಂಧಕದ ಅಂಶ, ಹೆಚ್ಚಾಗಿ ಕುದಿತ ಸಾಲದೆ ಉಳಿದಿದ್ದು. ಹಸಿರು ಬಾಟಲಿಯನ್ನು ಬೆಳಕಿನಲ್ಲಿಟ್ಟರೆ ಬಿಯರ್‌ಗೆ ಹಾಕುವ ಹಾಪ್ಸ್ ಹೂವಿನ ಕಹಿ ಅಂಶ ಒಡೆದು ಕಟುವಾದ ನಾತ ಬರುತ್ತದೆ. ಕಂದು ಬಾಟಲಿಯಲ್ಲಿ ಇದು ಬಹಳ ಕಡಿಮೆ. ನಾಲ್ಕನೆಯದು ಹಳತಾದ ಬಿಯರ್. ಹೊಂಬಣ್ಣದ ಫೆಸ್ಟ್‌ಬಿಯರ್ ಹಳತಾದರೆ ಒದ್ದೆ ರಟ್ಟಿನ ವಾಸನೆ ಬಂದು ತಕ್ಷಣ ಸಿಕ್ಕಿಬೀಳುತ್ತದೆ. ಮೆರ್ಟ್ಸನ್ ಹಳತಾದರೆ ಜೇನುತುಪ್ಪದಂತೆ, ಒಣದ್ರಾಕ್ಷಿಯಂತೆ ಘಮ್ಮೆನ್ನುತ್ತದೆ. ಅದನ್ನೇ ಮಾಲ್ಟ್ ಎಂದುಕೊಂಡು ಎಲ್ಲಕ್ಕಿಂತ ಜಾಸ್ತಿ ಅಂಕ ಕೊಡುವವರಿದ್ದಾರೆ. ಹಡಗು ಹತ್ತಿ, ಸೆಖೆ ದಾಟಿ ದೂರದ ಊರು ಸೇರಿದ ಬಾಟಲಿಗಳಲ್ಲಿ ಇದು ಮಾಮೂಲು. ಬೆಂಗಳೂರಲ್ಲಾಗಲಿ ಷಿಕಾಗೋದಲ್ಲಾಗಲಿ, ಕೊಳ್ಳುವಾಗ ಮೊದಲು ತಾರೀಖು ನೋಡಿ. ಹಳೆಯ ಬಾಟಲಿಯನ್ನೂ ಹೊಸ ಬಾಟಲಿಯನ್ನೂ ಒಂದೇ ಸುತ್ತಿನಲ್ಲಿ ಇಟ್ಟರೆ ಬ್ರೂವರಿಗೂ ಅನ್ಯಾಯ, ನಿಮಗೂ ಅನ್ಯಾಯ.

"ಎರಡು ಫೆಸ್ಟ್‌ಬಿಯರ್ ನನಗೆ ಒಂದೇ ಥರ ಅನ್ನಿಸ್ತವೆ" ಎಂದು ಸಂಕೋಚದಿಂದ ಹೇಳುವವರೂ ಇದ್ದಾರೆ. ಸಂಕೋಚ ಬೇಡ. ಆರು ಬ್ರೂವರಿಗಳ ಬಿಯರ್‌ಗಳೂ ಹತ್ತಿರದ ಸಂಬಂಧಿಗಳೇ. ಬ್ರೂವರಿಯಲ್ಲಿ ನಾವು ಇಂಥ ಅನುಮಾನಕ್ಕೆ ತ್ರಿಕೋನ ಪರೀಕ್ಷೆ ಮಾಡುತ್ತೇವೆ. ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಎಂದು ಹೇಳಬೇಕು. ಸುಮ್ನೆ ಊಹಿಸಿದರೂ ಮೂರರಲ್ಲೊಂದು ಸಲ ಸರಿಯಾಗುತ್ತದೆ. ಹಾಗಾಗಿ ಆರು ಜನರಲ್ಲಿ ಇಬ್ಬರು ಸರಿ ಹೇಳಿದರೆ ಅದು ಬರೀ ಊಹೆಗೆ ಸಮ. ಐದು ಜನ ಹೇಳಿದರೆ ವ್ಯತ್ಯಾಸ ನಿಜವಾಗಿ ಇದೆ ಎಂದು ನಂಬಬಹುದು. ಆಮೇಲೆ ಬೇಕಾದರೆ ಯಾವುದು ಮೇಲು ಎಂದು ವಾದ ಮಾಡಿ. ಹೋಫ್‌ಬ್ರಾಯ್ ಶೇ. 6.3, ಶ್ಪಾಟನ್ ಶೇ. 5.9. ಇವೆರಡರಿಂದ ಶುರು ಮಾಡಿದರೆ ಹೊಸಬರಿಗೆ ಒಳ್ಳೆಯ ಅಭ್ಯಾಸ. ಗಂಟಲಲ್ಲಿ ಇಳಿಯುವಾಗಿನ ಬಿಸುಪಿನ ಮೇಲೆ ಗಮನವಿರಲಿ.

ಅಂಕಗಳನ್ನು ಕೂಡಿದ ಮೇಲೆ ಬಾಟಲಿಗಳನ್ನು ಊಟದ ಮೇಜಿಗೆ ತನ್ನಿ. ಸುಟ್ಟ ಕೋಳಿ ಇದ್ದರೆ ಮೆರ್ಟ್ಸನ್ ತೆಗೆಯಿರಿ, ಕಂದಾದ ಚರ್ಮದ ರುಚಿಗೂ ಮಾಲ್ಟ್‌ನ ಘಮಕ್ಕೂ ಚೆನ್ನಾಗಿ ಕೂಡಿಬರುತ್ತದೆ. ಕೋಡುಬಳೆಯಂಥ ಖಾರಕ್ಕೆ ನಾನು ಫೆಸ್ಟ್‌ಬಿಯರ್ ಕಡೆ. ವೈಹೆನ್‌ಸ್ಟೆಫಾನರ್ ಬ್ರೂವರಿಯ ಫೆಸ್ಟ್‌ಬಿಯರ್ ಸಿಕ್ಕರೆ ಅದನ್ನು ಈ ಹೊತ್ತಿಗೇ ಎತ್ತಿಡುತ್ತೇನೆ. ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಖಾಲಿಯಾಗುವುದು ಅಂಕದಲ್ಲಿ ಎರಡನೆಯದೋ ಮೂರನೆಯದೋ ಆದ ಬಾಟಲಿ. ಅದು ಯಾವುದು ಎಂದು ಹಾಳೆಯ ಕೊನೆಯಲ್ಲಿ ತಪ್ಪದೆ ಬರೆದಿಡಿ. ಮುಂದಿನ ವರ್ಷ ಅಂಗಡಿಗೆ ಹೋದಾಗ ಅದನ್ನೇ ಎರಡು ಜಾಸ್ತಿ ತರಬಹುದು.